ಸೋರುವ ಮನೆ, ಫೋನ್ ಎತ್ತದ ಮ್ಯಾನೇಜರ್: ಕಾಸರಗೋಡಿನಲ್ಲಿ ನನ್ನ ಅನುಭವ

2024ರ ಜೂನ್ 9ರ ರಾತ್ರಿ ನಮ್ಮ ಮಲಗುವ ಕೋಣೆಯ ಮೂಲೆಯಿಂದ ನೀರು ಇಳಿಯಲು ಶುರುವಾಯಿತು. ಮೊದಲು ಗೋಡೆ ಬೆವರಿದ ಹಾಗೆ ಕಂಡಿತು. ಬೆಳಗಾಗುವ ಹೊತ್ತಿಗೆ ಧಾರೆಯೇ ಆಗಿತ್ತು. ಅದರಿಂದ ಎರಡಡಿ ಆಚೆ ಸ್ವಿಚ್‌ಬೋರ್ಡ್ ಇದೆ. ನಾಲ್ಕು ಗಂಟೆಗೆ ಇಎಲ್‌ಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್, ಬಿದ್ದು ಇಡೀ ಮನೆ ಕತ್ತಲಾಯಿತು. ಮಗನಿಗೆ ಆಗ ಆರು ವರ್ಷ, ಉಬ್ಬಸದ ತೊಂದರೆ ಇದೆ. ಅವನನ್ನು ಎತ್ತಿಕೊಂಡು ಹಾಲ್‌ಗೆ ಬಂದು ಕೂತವಳು ನಮ್ಮ ಬಾಡಿಗೆ ಕಟ್ಟಡ ನೋಡಿಕೊಳ್ಳುವ ಮ್ಯಾನೇಜರ್‌ಗೆ ಮೊದಲ ಫೋನ್ ಮಾಡಿದೆ. ಎತ್ತಲಿಲ್ಲ. ಆ ಹೊತ್ತಿಗೆ ಯಾರೂ ಎತ್ತುವುದಿಲ್ಲ ಬಿಡಿ. ಆದರೆ ಹತ್ತು ಗಂಟೆಗೂ ಎತ್ತಲಿಲ್ಲ, ಮರುದಿನವೂ ಎತ್ತಲಿಲ್ಲ.

ನಾವಿರುವುದು ವಿದ್ಯಾನಗರದ ಕಡೆ, ಮೂರು ಮಹಡಿಯ ಕಟ್ಟಡದ ಮೇಲಿನ ಮನೆಯಲ್ಲಿ. ಮಾಲೀಕರು ಗಲ್ಫ್‌ನಲ್ಲಿದ್ದಾರೆ. ಕಾಸರಗೋಡಿನಲ್ಲಿ ಇದು ಬಹಳ ಸಾಮಾನ್ಯ. ಅಲ್ಲಿ ದುಡಿದ ಹಣದಲ್ಲಿ ಇಲ್ಲಿ ಕಟ್ಟಡ ಕಟ್ಟಿಸಿ, ಬೀಗದ ಕೈ ಯಾರಾದರೊಬ್ಬರ ಕೈಗೆ ಕೊಟ್ಟು ಹೋಗಿರುತ್ತಾರೆ. ಬಾಡಿಗೆ ಮಾಲೀಕರ ಬ್ಯಾಂಕ್ ಖಾತೆಗೆ, ಉಳಿದ ಮಾತೆಲ್ಲ ಮ್ಯಾನೇಜರ್ ಹತ್ತಿರ. ನಮ್ಮದೂ ಹಾಗೇ ಇತ್ತು. ಮಾಲೀಕರ ನಂಬರ್ ಕೂಡ ನಮಗೆ ಕೊಟ್ಟಿರಲಿಲ್ಲ.

ಮುಂದಿನ ಮೂರು ವಾರದಲ್ಲಿ ಹನ್ನೊಂದು ಸಲ ಫೋನ್ ಮಾಡಿದೆ. ನಾಲ್ಕು ಸಲ ಸಿಕ್ಕಿದರು. ನಾಲ್ಕೂ ಸಲ ಒಂದೇ ಉತ್ತರ: ‘ನೋಕ್ಕಾಂ’. ನೋಡೋಣ ಅಂತ. ಬೈಯಲಿಲ್ಲ, ಆಗಲ್ಲ ಅಂತಲೂ ಹೇಳಲಿಲ್ಲ. ಇಂಥ ಉತ್ತರದ ಜೊತೆ ಜಗಳ ಮಾಡಲಿಕ್ಕೂ ಆಗುವುದಿಲ್ಲ. ಪ್ರತಿ ಸಲವೂ ನಾನು ಮೊದಲಿನಿಂದ ಕಥೆ ಹೇಳಬೇಕು. ಅವರು ಅದನ್ನು ಹೊಸದಾಗಿ ಕೇಳಿದ ಹಾಗೆ ಕೇಳುತ್ತಾರೆ. ಫೋನ್ ಇಟ್ಟ ಮೇಲೆ ನಾನು ಹೇಳಿದ್ದಕ್ಕೆ ಗುರುತೇ ಇಲ್ಲ. ತಪ್ಪು ಇಲ್ಲೇ ಇದೆ ಅಂತ ನನಗೆ ಹೊಳೆಯಲು ಮೂರು ವಾರ ಬೇಕಾಯಿತು.

ನಾನು ಲ್ಯಾಬ್ ಟೆಕ್ನೀಶಿಯನ್. ಸ್ಯಾಂಪಲ್ ಬಂದ ಹೊತ್ತು, ಯಾರು ಕೊಟ್ಟರು, ಯಾವಾಗ ಓಡಿಸಿದೆ, ಎಲ್ಲ ಬರೆದಿಡುವುದು ನನ್ನ ದಿನದ ಕೆಲಸ. ಅದನ್ನೇ ಮನೆಗೂ ತಂದೆ. ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು, ಮೊಬೈಲ್‌ನ ಕಾಲ್ ಲಿಸ್ಟ್ ನೋಡಿ ಹಿಂದಿನ ಹನ್ನೊಂದು ಫೋನ್‌ಗಳನ್ನೂ ತಾರೀಕು, ಹೊತ್ತು ಸಮೇತ ಬರೆದೆ. ಕಾಲ್ ಲಿಸ್ಟ್ ಅಳಿಸಿ ಹೋಗುತ್ತದೆ, ಆದ್ದರಿಂದ ಸ್ಕ್ರೀನ್‌ಶಾಟ್ ಕೂಡ ಇಟ್ಟುಕೊಂಡೆ. ಆಮೇಲೆ ಗೋಡೆ. ಒದ್ದೆಯ ಅಂಚು ಎಲ್ಲಿಗೆ ಬಂದಿದೆಯೋ ಅಲ್ಲಿ ಪೆನ್ಸಿಲ್‌ನಿಂದ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆದೆ. ಎರಡು ದಿನಕ್ಕೊಮ್ಮೆ ಹೊಸ ಗೆರೆ, ಒಂದು ಫೋಟೋ. ಹತ್ತು ದಿನದಲ್ಲಿ ಗೋಡೆಯ ಮೇಲೆ ಗುಡ್ಡದ ನಕ್ಷೆಯ ಹಾಗೆ ಗೆರೆಗಳು ಮೂಡಿದವು. ಸ್ವಿಚ್‌ಬೋರ್ಡಿನ ಕಡೆಗೆ ನೀರು ಎಷ್ಟು ವೇಗದಲ್ಲಿ ಬರುತ್ತಿದೆ ಅಂತ ಯಾರಿಗೂ ವಿವರಿಸಬೇಕಾಗಿರಲಿಲ್ಲ. ಫೋಟೋ ನೋಡಿದರೆ ಸಾಕು. ನಾನು ಮಾಡಿದ್ದರಲ್ಲೆಲ್ಲ ಜಾಸ್ತಿ ಕೆಲಸಕ್ಕೆ ಬಂದದ್ದು ಆ ಪೆನ್ಸಿಲ್ ಗೆರೆಗಳೇ.

ಒಂದು ವಿಷಯಕ್ಕೆ ಮಾತ್ರ ಯಾರನ್ನೂ ಕಾಯಲಿಲ್ಲ. ಕರೆಂಟ್. ಎರಡನೇ ದಿನವೇ ಎಲೆಕ್ಟ್ರಿಶಿಯನ್ ಕರೆಸಿ ಆ ಬೋರ್ಡಿನ ಲೈನ್ ಬಿಡಿಸಿದೆ. 650 ರೂಪಾಯಿ ನಾನೇ ಕೊಟ್ಟೆ. ಬಿಲ್ ಬರೆಸಿಕೊಂಡೆ, ಅದರಲ್ಲಿ ‘ಗೋಡೆಯಲ್ಲಿ ನೀರು ಇಳಿದು ಬೋರ್ಡಿನಲ್ಲಿ ತೇವ’ ಅಂತ ಕಾರಣವನ್ನೂ ಸೇರಿಸಲು ಹೇಳಿದೆ. ಇಎಲ್‌ಸಿಬಿ ಪದೇ ಪದೇ ಬೀಳುತ್ತಿದ್ದರೆ ಅದನ್ನು ಮತ್ತೆ ಮತ್ತೆ ಎತ್ತಿಡಬೇಡಿ. ಎಲ್ಲಿಂದಲೋ ಕರೆಂಟ್ ಸೋರುತ್ತಿದೆ ಅಂತ ಅದು ಹೇಳುತ್ತಿದೆ. ಪಕ್ಕದಲ್ಲಿ ಮಕ್ಕಳು ಮಲಗಿರುತ್ತಾರೆ.

ಜೂನ್ 30, ಭಾನುವಾರ. ಮ್ಯಾನೇಜರ್ ಕೆಳಗಿನ ಮನೆಗೆ ಬಂದಿದ್ದಾರೆ ಅಂತ ಗೊತ್ತಾಯಿತು. ಹೋಗಿ, ಜಗಳ ಮಾಡದೆ, ಐದು ನಿಮಿಷ ಟೆರೇಸಿಗೆ ಬನ್ನಿ ಅಂತ ಕರೆದುಕೊಂಡು ಹೋದೆ. ಮೂಲೆಯ ಮಳೆನೀರಿನ ಪೈಪಿನ ಬಾಯಿಗೆ ತೆಂಗಿನ ಗರಿಯ ಚೂರು, ಪಾಚಿ, ಮಣ್ಣು ಸೇರಿ ಮುಚ್ಚಿಹೋಗಿತ್ತು. ನಾಲ್ಕು ಬೆರಳು ನೀರು ನಿಂತಿತ್ತು. ಪೈಪಿನ ಸುತ್ತ ಸಿಮೆಂಟ್ ಬಿರುಕು ಬಿಟ್ಟಿತ್ತು. ವರ್ಷಕ್ಕೆ 3000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುವ ಊರಿನಲ್ಲಿ ಸಮತಟ್ಟಾದ ಟೆರೇಸಿನ ಪೈಪ್ ಕಟ್ಟಿದರೆ ನೀರು ಬೇರೆ ಎಲ್ಲಿಗೆ ಹೋಗಬೇಕು? ಅವರೇ ಕೈ ಹಾಕಿ ಕಸ ತೆಗೆದರು. ಆಗ ಮೆಲ್ಲ ಒಂದು ಮಾತು ಹೇಳಿದರು. ಮಾಲೀಕರನ್ನು ಕೇಳದೆ ಅವರು ಖರ್ಚು ಮಾಡಬಹುದಾದದ್ದು 1000 ರೂಪಾಯಿ ಅಷ್ಟೇ. ಹಿಂದೊಮ್ಮೆ ಪಂಪ್ ರಿಪೇರಿಗೆ ಜಾಸ್ತಿ ಕೊಟ್ಟು ಬೈಸಿಕೊಂಡಿದ್ದರಂತೆ. ಅದಕ್ಕೇ ದೊಡ್ಡ ಖರ್ಚಿನ ವಾಸನೆ ಬಂದರೆ ಫೋನ್ ಎತ್ತುವುದಿಲ್ಲ.

ಮೂರು ವಾರ ಮಗು ಹಾಲ್‌ನಲ್ಲಿ ಮಲಗಿದ್ದಕ್ಕೆ ಇದು ಉತ್ತರವಲ್ಲ. ಆದರೂ ನನ್ನ ದಾರಿ ಅಲ್ಲಿಂದ ಬದಲಾಯಿತು. ಇವರ ಮೇಲೆ ಎಷ್ಟು ಒತ್ತಡ ಹಾಕಿದರೂ ಇವರ ಕೈಯಲ್ಲಿ ಇಲ್ಲದ್ದನ್ನು ಇವರು ಕೊಡಲಾರರು. ಹಾಗಾದರೆ ಅಧಿಕಾರ ಇರುವವರಿಗೆ ವಿಷಯ ಮುಟ್ಟಬೇಕು. ಮುಟ್ಟಿದೆ ಅನ್ನುವುದಕ್ಕೆ ಸಾಕ್ಷಿ ಇರಬೇಕು. ಮತ್ತು ಎಷ್ಟು ಖರ್ಚಾಗುತ್ತದೆ ಅಂತ ಅವರಿಗೆ ಮೊದಲೇ ಗೊತ್ತಾಗಬೇಕು. ಇಬ್ಬರು ಕೆಲಸದವರನ್ನು ಕರೆಸಿ ಅಂದಾಜು ಬರೆಸಿಕೊಂಡೆ. ಒಬ್ಬರು 14,000 ಹೇಳಿದರು, ಇನ್ನೊಬ್ಬರು 11,500.

ಬಾಡಿಗೆ ಕರಾರು ಮಲಯಾಳದಲ್ಲಿತ್ತು. ನನಗೆ ಮಲಯಾಳ ಮಾತು ಬರುತ್ತದೆ, ಓದಲು ಬರುವುದಿಲ್ಲ. ಊರು ಪೆರ್ಲದ ಕಡೆ, ಓದಿದ್ದು ಕನ್ನಡ ಶಾಲೆಯಲ್ಲಿ. ಸಹಿ ಹಾಕುವಾಗ ಓದಿಸಿಕೊಂಡಿರಲಿಲ್ಲ, ಅದಕ್ಕೆ ಈಗಲೂ ಬೇಸರವಿದೆ. ಲ್ಯಾಬಿನ ಗೆಳತಿ ಸಾಲು ಸಾಲಾಗಿ ಓದಿ ಹೇಳಿದಳು. ಸಣ್ಣಪುಟ್ಟ ರಿಪೇರಿ ಬಾಡಿಗೆಯವರದ್ದು, ಕಟ್ಟಡದ ರಿಪೇರಿ ಮಾಲೀಕರದ್ದು ಅಂತ ಸ್ಪಷ್ಟವಾಗಿ ಇತ್ತು. ಮಾಲೀಕರ ಹೆಸರು, ಕುಂಬಳೆ ಕಡೆಯ ಅವರ ಮನೆಯ ವಿಳಾಸವೂ ಇತ್ತು. ಇಷ್ಟು ದಿನ ನಾನು ಹುಡುಕುತ್ತಿದ್ದ ವಿಳಾಸ ನನ್ನ ಕಪಾಟಿನಲ್ಲೇ ಇತ್ತು. ಕರಾರಿನಲ್ಲಿ ವಿಳಾಸ ಇಲ್ಲದಿದ್ದರೆ ಬಾಗಿಲಿನ ಮೇಲಿನ ಮನೆ ನಂಬರ್ ಹಿಡಿದು ಮುನ್ಸಿಪಾಲಿಟಿಯಲ್ಲೋ ಪಂಚಾಯತಿನಲ್ಲೋ ವಿಚಾರಿಸಿ. ಕಟ್ಟಡ ತೆರಿಗೆಯ ದಾಖಲೆಯಲ್ಲಿ ಮಾಲೀಕರ ಹೆಸರಿರುತ್ತದೆ.

ಕಾಗದ ಬರೆಯುವ ಮೊದಲು ಕಾನೂನು ಸೇವಾ ಸಮಿತಿಯ ವಕೀಲರನ್ನು ಕಂಡೆ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ. ನನಗೆ ಅದು ಗೊತ್ತೇ ಇರಲಿಲ್ಲ. 15100 ನಂಬರಿಗೆ ಫೋನ್ ಮಾಡಿಯೂ ಕೇಳಬಹುದು. ವಕೀಲರು ಅರ್ಧ ಗಂಟೆ ಕೂರಿಸಿ ಹೇಳಿದ್ದರಲ್ಲಿ ನಾಲ್ಕು ಮಾತು ನೋಟ್‌ಬುಕ್‌ನಲ್ಲಿವೆ. 1872ರ ಕರಾರು ಕಾಯ್ದೆಯ 229ನೇ ಸೆಕ್ಷನ್ ಪ್ರಕಾರ, ಮ್ಯಾನೇಜರ್ ನೋಡಿಕೊಳ್ಳುವ ಕೆಲಸದ ಬಗ್ಗೆಯೇ ಅವರಿಗೆ ಕೊಟ್ಟ ನೋಟಿಸು ಮಾಲೀಕರಿಗೆ ಕೊಟ್ಟ ಹಾಗೆಯೇ ಲೆಕ್ಕ. ಆದ್ದರಿಂದ ‘ನನಗೆ ಗೊತ್ತಿರಲಿಲ್ಲ’ ಅಂತ ಮಾಲೀಕರು ಹೇಳುವಂತಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್‌ನಲ್ಲಿ, ಮಾಲೀಕರು ಮಾಡಲೇಬೇಕಾದ ರಿಪೇರಿಯನ್ನು ನೋಟಿಸು ಕೊಟ್ಟು ಸಾಕಷ್ಟು ಕಾಲ ಕಳೆದರೂ ಮಾಡದಿದ್ದರೆ, ಬಾಡಿಗೆಯವರು ತಾವೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಹಿಡಿಯಬಹುದು. ಕೇರಳದ 1965ರ ಬಾಡಿಗೆ ನಿಯಂತ್ರಣ ಕಾಯ್ದೆ ಜಾರಿಯಲ್ಲಿರುವ ಕಡೆ ಇದಕ್ಕೆ ಅಕಾಮಡೇಶನ್ ಕಂಟ್ರೋಲರ್ ಎಂಬ ಅಧಿಕಾರಿಗೆ ಅರ್ಜಿ ಕೊಟ್ಟು ಆದೇಶ ಪಡೆಯುವ ದಾರಿಯೂ ಇದೆ. ನಾಲ್ಕನೆಯದನ್ನು ಅವರು ಎರಡು ಸಲ ಹೇಳಿದರು: ಬಾಡಿಗೆ ಮಾತ್ರ ನಿಲ್ಲಿಸಬೇಡಿ.

ಈ ಕೊನೆಯ ಮಾತು ಮುಖ್ಯ. ಸಿಟ್ಟಿನಲ್ಲಿ ನಮಗೆಲ್ಲ ಮೊದಲು ಹೊಳೆಯುವುದು ಅದೇ ಅಲ್ವಾ? ಬಾಡಿಗೆ ಬಾಕಿ ಇಡುವುದು ಮನೆ ಬಿಡಿಸಲು ಕಾನೂನಿನಲ್ಲೇ ಇರುವ ಕಾರಣ. ನಿಲ್ಲಿಸಿದ ದಿನದಿಂದ ಮಾತು ಸೋರುವ ಗೋಡೆಯ ಬಗ್ಗೆ ಇರುವುದಿಲ್ಲ, ನಿಮ್ಮ ಬಾಕಿಯ ಬಗ್ಗೆ ಇರುತ್ತದೆ. ನಾನು ಪ್ರತಿ ತಿಂಗಳು 5ನೇ ತಾರೀಕಿನೊಳಗೆ ಬ್ಯಾಂಕ್ ಮೂಲಕವೇ ಹಾಕಿದೆ.

ಜುಲೈ 8ಕ್ಕೆ ಕಾಗದ ಬರೆದೆ. ಒಂದೇ ಪುಟ. ಕನ್ನಡದಲ್ಲಿ ನಾನು ಬರೆದೆ, ಮಲಯಾಳದಲ್ಲಿ ಗೆಳತಿ ಬರೆದುಕೊಟ್ಟಳು. ಎರಡನ್ನೂ ಸೇರಿಸಿದೆ. ಕಾಗದದಲ್ಲಿ ಇದ್ದದ್ದು ಹೀಗೆ:

‘ಜೂನ್ 9ರಿಂದ ಮಲಗುವ ಕೋಣೆಯ ಮೂಲೆಯಲ್ಲಿ ನೀರು ಇಳಿಯುತ್ತಿದೆ. ಇದುವರೆಗೆ ಹನ್ನೊಂದು ಸಲ ಫೋನ್ ಮಾಡಿದ್ದೇನೆ, ಪಟ್ಟಿ ಜೊತೆಗಿದೆ. ಜೂನ್ 30ರಂದು ಮ್ಯಾನೇಜರ್ ಟೆರೇಸಿಗೆ ಬಂದು ನೋಡಿದ್ದಾರೆ. ನೀರು ಸ್ವಿಚ್‌ಬೋರ್ಡಿನ ಹತ್ತಿರ ಬಂದು ಅಪಾಯವಾಗಿದೆ. ಫೋಟೋ ಆರು, ಎಲೆಕ್ಟ್ರಿಶಿಯನ್ ಬಿಲ್ ಒಂದು, ರಿಪೇರಿಯ ಅಂದಾಜು ಎರಡು ಇಟ್ಟಿದ್ದೇನೆ. 15 ದಿನದ ಒಳಗೆ ತಾತ್ಕಾಲಿಕವಾಗಿ ಟಾರ್ಪಾಲ್ ಹಾಕಿಸಿ, ಮಳೆ ಬಿಟ್ಟ ಮೇಲೆ ಪೂರ್ತಿ ರಿಪೇರಿ ಮಾಡಿಸಿಕೊಡಿ. ನಿಮಗೆ ಮಾಡಿಸಲು ಕಷ್ಟವಿದ್ದರೆ ನಾನೇ ನಿಂತು ಮಾಡಿಸುತ್ತೇನೆ, ಖರ್ಚನ್ನು ಬಾಡಿಗೆಯಲ್ಲಿ ಹಿಡಿಯಲು ಬರಹದಲ್ಲಿ ಒಪ್ಪಿಗೆ ಕೊಡಿ. ಬಾಡಿಗೆ ಬಾಕಿ ಇಲ್ಲ.’

ಬೈಗುಳ ಇಲ್ಲ, ಬೆದರಿಕೆ ಇಲ್ಲ. ಮೊದಲು ಬರೆದದ್ದರಲ್ಲಿ ಎರಡೂ ಇತ್ತು. ವಕೀಲರು ಓದಿ ಅದನ್ನೆಲ್ಲ ಹೊಡೆದು ಹಾಕಿದರು. ಕುಂಬಳೆಯ ವಿಳಾಸಕ್ಕೆ ಒಂದು, ಮ್ಯಾನೇಜರ್‌ಗೆ ಒಂದು, ಎರಡನ್ನೂ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ, ಮುಟ್ಟಿದ ಕಾರ್ಡ್ ವಾಪಸ್ ಬರುವ ಹಾಗೆ ಕಳಿಸಿದೆ. 2025ರಲ್ಲಿ ಅಂಚೆ ಇಲಾಖೆ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದೆ. ಈಗ ಕಳಿಸುವವರು ಮುಟ್ಟಿದ್ದಕ್ಕೆ ಪುರಾವೆ ಬೇಕು ಅಂತ ಕೌಂಟರಿನಲ್ಲಿ ಕೇಳಿ ಕಳಿಸಿ. ಅದೇ ಪುಟದ ಫೋಟೋವನ್ನು ಮ್ಯಾನೇಜರ್‌ಗೆ ವಾಟ್ಸ್ಯಾಪ್ ಕೂಡ ಮಾಡಿ, ‘ಇದನ್ನು ದಯವಿಟ್ಟು ಮಾಲೀಕರಿಗೆ ಕಳಿಸಿ, ಅಂದಾಜು ನಾನೇ ತಂದಿದ್ದೇನೆ’ ಅಂತ ಬರೆದೆ. ಮಾಲೀಕರ ಮುಂದೆ ಹಣ ಕೇಳುವ ಕಷ್ಟ ಅವರಿಗೆ ಉಳಿಯಬಾರದು ಅಂತ.

ಪೋಸ್ಟ್ ಆಫೀಸಿನಿಂದ ಬರುವಾಗ ಹೆದರಿಕೆಯೂ ಇತ್ತು. ನಮ್ಮದು 11 ತಿಂಗಳ ಕರಾರು. ಒಂದು ವರ್ಷ ದಾಟಿದರೆ ರಿಜಿಸ್ಟರ್ ಮಾಡಿಸಬೇಕು, ಹಾಗಾಗಿ ಎಲ್ಲರೂ 11 ತಿಂಗಳಿಗೇ ಬರೆಯುತ್ತಾರೆ. ಜನವರಿಗೆ ಮುಗಿದಾಗ ಮುಂದುವರಿಸುವುದಿಲ್ಲ ಅಂದರೆ? ಮಗನ ಶಾಲೆ ಹತ್ತಿರವಿದೆ, ಬೇರೆ ಮನೆ ಸುಲಭವಾಗಿ ಸಿಗುವುದಿಲ್ಲ. ಈ ಹೆದರಿಕೆಯಿಂದಲೇ ಎಷ್ಟೋ ಜನ ಸುಮ್ನೆ ಬಕೆಟ್ ಇಟ್ಟುಕೊಂಡು ಮಳೆಗಾಲ ಕಳೆಯುತ್ತಾರೆ. ನನ್ನ ಅತ್ತೆಯೂ ಅದನ್ನೇ ಹೇಳಿದರು. ಆದರೆ ರಾತ್ರಿ ಮಗನ ಉಸಿರು ಸುಯ್ಯೆನ್ನುವುದನ್ನು ಕೇಳುತ್ತಾ, ಆ ಗೋಡೆಯ ಕಪ್ಪು ಬೂಸ್ಟನ್ನು ನೋಡುತ್ತಾ ನನಗೆ ಸುಮ್ಮನಿರಲು ಆಗಲಿಲ್ಲ.

ಜುಲೈ 14ಕ್ಕೆ ಗೊತ್ತಿಲ್ಲದ ನಂಬರಿನಿಂದ ವಾಟ್ಸ್ಯಾಪ್ ಕಾಲ್ ಬಂತು. ಮಾಲೀಕರು. ಕುಂಬಳೆಯ ಮನೆಯಲ್ಲಿದ್ದ ಅವರ ತಾಯಿ ಕಾಗದ ಪಡೆದು, ಮೊಮ್ಮಗನ ಕೈಯಲ್ಲಿ ಫೋಟೋ ತೆಗೆಸಿ ಕಳಿಸಿದ್ದರು. ನಾನು ಮಲಯಾಳದಲ್ಲಿ ಶುರು ಮಾಡಿದೆ. ಅವರು ಕನ್ನಡದಲ್ಲಿ ಉತ್ತರ ಕೊಟ್ಟರು. ಹತ್ತನೇ ಕ್ಲಾಸಿನವರೆಗೆ ಅವರೂ ಕನ್ನಡ ಮೀಡಿಯಂ. ‘ಆ ಗೆರೆಗಳ ಫೋಟೋ ನೋಡಿದೆ. ನನಗೆ ಯಾರೂ ಹೇಳಲೇ ಇಲ್ಲ’ ಅಂದರು. ಅದು ನಿಜವೇ ಇರಬಹುದು. ಎರಡು ದಿನದಲ್ಲಿ ಟಾರ್ಪಾಲ್ ಬಂತು. ತುಳು ತಿಂಗಳಾದ ಆಟಿ ಕಳೆದು ಸೋಣದಲ್ಲಿ, ಅಂದರೆ ಆಗಸ್ಟ್ ಮಧ್ಯದ ನಂತರ, ಒಂದು ವಾರ ಬಿಸಿಲು ಸಿಕ್ಕಿದಾಗ 11,500ರ ಕೆಲಸದವರೇ ಬಂದು ಪೈಪಿನ ಸುತ್ತ ಒಡೆದು, ಹೊಸದಾಗಿ ಗಾರೆ ಹಾಕಿ, ಮೇಲೆ ವಾಟರ್‌ಪ್ರೂಫಿಂಗ್ ಬಳಿದರು. ಒದ್ದೆ ಟೆರೇಸಿನ ಮೇಲೆ ಬಳಿದರೆ ಅದು ಹಿಡಿಯುವುದಿಲ್ಲ, ಅದಕ್ಕೇ ಬಿಸಿಲಿಗೆ ಕಾದದ್ದು. ನನ್ನ 650 ರೂಪಾಯಿಯನ್ನು ಆಗಸ್ಟ್ ಬಾಡಿಗೆಯಲ್ಲಿ ಹಿಡಿಯಲು ಮೆಸೇಜಿನಲ್ಲಿ ಒಪ್ಪಿಗೆ ಕೊಟ್ಟರು. ಹಾಳಾದ ಹಾಸಿಗೆಯ ಹಣ ಕೊಡಲಿಲ್ಲ. ಅದನ್ನು ನಾನು ಮತ್ತೆ ಕೇಳಲಿಲ್ಲ.

ಜನವರಿಯಲ್ಲಿ ಕರಾರು ಮುಂದುವರಿಯಿತು. ಈ ಸಲ ಪ್ರತಿ ಸಾಲನ್ನೂ ಓದಿಸಿಕೊಂಡು, ಮೂರು ಮಾತು ಸೇರಿಸಿ ಬರೆಸಿದೆ: ಮಾಲೀಕರ ಫೋನ್ ನಂಬರ್, ತುರ್ತು ರಿಪೇರಿಗೆ ಮ್ಯಾನೇಜರ್ ಮಾಲೀಕರನ್ನು ಕೇಳದೆ 5000 ರೂಪಾಯಿವರೆಗೆ ಖರ್ಚು ಮಾಡಬಹುದು, ಮಳೆಗಾಲಕ್ಕೆ ಮೊದಲು ಟೆರೇಸ್ ಸ್ವಚ್ಛ ಮಾಡಿಸಬೇಕು. ಎರಡನೆಯದನ್ನು ನೋಡಿ ಜಾಸ್ತಿ ಖುಷಿಪಟ್ಟವರು ಮ್ಯಾನೇಜರ್.

ಸರ್ಕಾರಿ ಆಫೀಸಿಗೆ ಹೋಗಬೇಕಾಗಿ ಬಂದರೆ ಭಾಷೆಯ ಬಗ್ಗೆ ಹೆದರಬೇಡಿ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಂತೆ, ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರ್ಕಾರಿ ಕಚೇರಿಗಳಿಗೆ ನಾವು ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಮನೆ ಮಾಲೀಕರಿಗೆ ಅದು ಅನ್ವಯಿಸುವುದಿಲ್ಲ, ಅದಕ್ಕೇ ನಾನು ಎರಡು ಭಾಷೆಯಲ್ಲಿ ಕಳಿಸಿದ್ದು.

2025ರ ಏಪ್ರಿಲ್ ಕೊನೆಗೆ ಮ್ಯಾನೇಜರ್‌ಗೆ ಒಂದು ಮೆಸೇಜ್ ಹಾಕಿದೆ: ಪತ್ತನಾಜೆಗೆ ಮೊದಲು ಪೈಪ್ ನೋಡಿಸಿ. ಪತ್ತನಾಜೆ ಅಂದರೆ ತುಳುವಿನ ಬೇಶ ತಿಂಗಳ ಹತ್ತನೇ ದಿನ, ಮಳೆಗಾಲ ಹತ್ತಿರ ಬಂತು ಅನ್ನುವ ಗುರುತು. ಆ ವರ್ಷ ಮುಂಗಾರು ಮೇ 24ಕ್ಕೇ ಬಂದುಬಿಟ್ಟಿತು, ಸರಿಯಾಗಿ ಪತ್ತನಾಜೆಯ ಹೊತ್ತಿಗೆ. ಅದಕ್ಕೆ ಒಂದು ವಾರ ಮುಂಚೆ ಅವರು ಆಳು ಕರೆದುಕೊಂಡು ಬಂದು ಪಾಚಿ ಕೆರೆಸಿ, ಪೈಪಿನ ಬಾಯಿಗೆ ಜಾಲರಿ ಹಾಕಿಸಿ ಹೋಗಿದ್ದರು. ಮಳೆ ಶುರುವಾದ ರಾತ್ರಿ ಟಾರ್ಚ್ ಹಿಡಿದು ಮೂರು ಸಲ ಎದ್ದು ಮೂಲೆ ನೋಡಿದೆ. ಒಣಗಿತ್ತು. ಮಗ ಆ ಕೋಣೆಯಲ್ಲೇ ಮಲಗಿದ್ದ.