ಕೊನೆಯ ಬಸ್ಸಿಗೆ ಮೊದಲು ಮುಗಿಯುವ ಕಾರ್ಯಕ್ರಮಗಳು

ಕಾರವಾರದ ನಮ್ಮ ಕಾಲೇಜಿನ ಸಾಂಸ್ಕೃತಿಕ ಸಮಿತಿಯ ಸಂಚಾಲಕನಾಗಿ ನಾನು ಏರ್ಪಡಿಸಿದ ಮೊದಲ ವಿಶೇಷ ಉಪನ್ಯಾಸವು ಸಂಜೆ ನಾಲ್ಕಕ್ಕೆ ಆರಂಭವಾಗಬೇಕಿತ್ತು. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಹೂಗುಚ್ಛ, ಅತಿಥಿಗಳ ಪರಿಚಯ, ಅಧ್ಯಕ್ಷರ ಎರಡು ಮಾತು ಎಲ್ಲವೂ ಮುಗಿದು ಧಾರವಾಡದಿಂದ ಬಂದಿದ್ದ ಹಿರಿಯರು ಮೈಕಿನ ಮುಂದೆ ನಿಂತಾಗ ಐದು ಗಂಟೆಗೆ ಹತ್ತೇ ನಿಮಿಷವಿತ್ತು. ಐದೂ ಹತ್ತಕ್ಕೆ ಮೂರನೆಯ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಚೀಲವನ್ನು ಎದೆಗೆ ಅವಚಿಕೊಂಡು, ಚಪ್ಪಲಿಯ ಸದ್ದಾಗದಂತೆ ಬಾಗಿಕೊಂಡು ಎದ್ದುಹೋದಳು. ಅವಳ ಹಿಂದೆ ಇಬ್ಬರು ಎದ್ದರು, ಆಮೇಲೆ ಒಂದು ಸಾಲಿಗೆ ಸಾಲೇ ಎದ್ದಿತು. ಉಪನ್ಯಾಸಕರು ತಮ್ಮ ವಿಷಯದ ಮುಖ್ಯ ಭಾಗಕ್ಕೆ ಬರುವ ಹೊತ್ತಿಗೆ ಸಭಾಂಗಣದಲ್ಲಿ ಉಳಿದವರು ಅಧ್ಯಾಪಕರು, ಹಾಸ್ಟೆಲಿನ ಹುಡುಗರು ಮತ್ತು ಬಾಗಿಲ ಬಳಿ ಬೀಗದ ಕೈ ಹಿಡಿದು ನಿಂತಿದ್ದ ಅಟೆಂಡರ್ ಮಾತ್ರ. ಮರುದಿನ ತರಗತಿಯಲ್ಲಿ ಸ್ವಲ್ಪ ಖಾರವಾಗಿಯೇ ಕೇಳಿದೆ. ಆ ಹುಡುಗಿ ತಲೆ ತಗ್ಗಿಸದೆ ಹೇಳಿದಳು: "ಸರ್, ನಮ್ಮೂರಿನ ಬಸ್ಸು ಐದೂವರೆಗೆ. ಅದು ತಪ್ಪಿದ್ರೆ ಅಪ್ಪ ಕೆಲಸ ಬಿಟ್ಟು ಕ್ರಾಸಿಗೆ ಬಂದು ಕಾಯ್ಬೇಕಾಗ್ತದೆ. ನೋಟಿಸಿನಲ್ಲಿ ಎಷ್ಟೊತ್ತಿಗೆ ಮುಗೀತದೆ ಅಂತ ಬರ್ದಿರ್ಲೇ ಇಲ್ಲ."

ಅವಳ ಮಾತು ನಿಜವಾಗಿತ್ತು. ನಮ್ಮ ಸೂಚನಾ ಫಲಕದ ಮೇಲಿನ 'ಮುಂಬರುವ ಕಾರ್ಯಕ್ರಮಗಳು' ಎಂಬ ಪಟ್ಟಿಯಲ್ಲಿ ದಿನಾಂಕ, ಆರಂಭದ ಸಮಯ, ಅತಿಥಿಗಳ ಹೆಸರು ಮತ್ತು ಅವರ ಪದವಿಗಳು ಇರುತ್ತಿದ್ದವೇ ಹೊರತು ಮುಗಿಯುವ ವೇಳೆ ಎಂದೂ ಇರುತ್ತಿರಲಿಲ್ಲ. ಅದೇ ವಾರದ ಶನಿವಾರ ನಾನು ಒಂದು ನೋಟುಪುಸ್ತಕ ಹಿಡಿದು ಬಸ್ ನಿಲ್ದಾಣಕ್ಕೆ ಹೋಗಿ ಮಾಜಾಳಿ, ಉಳಗಾ, ಕದ್ರಾ–ಮಲ್ಲಾಪುರ ಮತ್ತು ಅಂಕೋಲಾ ಕಡೆಗೆ ಸಂಜೆ ಹೊರಡುವ ಬಸ್ಸುಗಳ ವೇಳೆಯನ್ನು ಬರೆದುಕೊಂಡು ಬಂದೆ. ಸಾಹಿತ್ಯದ ಅಧ್ಯಾಪಕನೊಬ್ಬ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತು ಕಂಡಕ್ಟರುಗಳನ್ನು ವಿಚಾರಿಸುವುದನ್ನು ನೋಡಿ ಪರಿಚಯದವರು ನಕ್ಕರು. ಆದರೆ ಕಾರ್ಯಕ್ರಮಗಳ ಪಟ್ಟಿಯನ್ನು ಸಿದ್ಧಪಡಿಸಲು ಇಂದಿಗೂ ನಾನು ಮೊದಲು ತೆರೆಯುವುದು ಆ ನೋಟುಪುಸ್ತಕವನ್ನೇ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ವಿದ್ಯಾರ್ಥಿನಿಯರಿಗೆ ಟಿಕೆಟ್ಟಿನ ಚಿಂತೆ ತಪ್ಪಿತು, ಕೊನೆಯ ಬಸ್ಸಿನ ಚಿಂತೆ ತಪ್ಪಲಿಲ್ಲ.

ಆಗಿನಿಂದ ನಾನು ಪಾಲಿಸಿಕೊಂಡು ಬಂದ ಕ್ರಮ ಸರಳವಾದದ್ದು. ಮುಗಿಯುವ ವೇಳೆಯನ್ನು ಮೊದಲು ನಿಗದಿಪಡಿಸಿ ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತೇನೆ. ನಾಲ್ಕೂಕಾಲಿಗೆ ಮುಗಿಯಬೇಕೆಂದರೆ ಎರಡು ಗಂಟೆಗೆ ಆರಂಭವಾಗಬೇಕು. ಎರಡಕ್ಕೆ ಆರಂಭವಾಗಬೇಕೆಂದರೆ ಅತಿಥಿಗಳ ಊಟ ಒಂದು ಗಂಟೆಗೆ ತಟ್ಟೆಯಲ್ಲಿರಬೇಕು. ಕರಾವಳಿಯಲ್ಲಿ ಮೀನಿನ ಊಟದ ಎದುರು ಅತಿಥಿಗಳನ್ನು ಅವಸರಪಡಿಸುವುದು ಸುಲಭದ ಕೆಲಸವಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಕತ್ತರಿ ಹಾಕಬೇಕಾದದ್ದು ಉಪಚಾರಗಳಿಗೆ. ಹೂಗುಚ್ಛವನ್ನು ಬಿಟ್ಟೆವು, ಅತಿಥಿಗಳ ಪರಿಚಯವನ್ನು ಅರ್ಧ ಪುಟಕ್ಕಿಳಿಸಿ ಹಿಂದಿನ ದಿನವೇ ಫಲಕಕ್ಕೆ ಅಂಟಿಸತೊಡಗಿದೆವು. ವಂದನಾರ್ಪಣೆಯನ್ನು ನಾನು ಉಪನ್ಯಾಸಕ್ಕೆ ಮೊದಲೇ ಇಟ್ಟಾಗ ಮಾತ್ರ ನಮ್ಮ ಪ್ರಾಂಶುಪಾಲರು, ಇದೆಂಥ ಕ್ರಮ ಮಾರಾಯರೇ, ಉಣ್ಣುವುದಕ್ಕೆ ಮೊದಲೇ ಕೈ ತೊಳೆದು ಎದ್ದ ಹಾಗಾಯಿತಲ್ಲ ಎಂದು ಆಕ್ಷೇಪಿಸಿದರು. ಎರಡು ಕಾರ್ಯಕ್ರಮಗಳಲ್ಲಿ ಕೊನೆಯವರೆಗೂ ಕುಳಿತ ಸಭೆಯನ್ನು ನೋಡಿದ ಮೇಲೆ ಅವರು ಆ ಮಾತನ್ನು ಎತ್ತಲಿಲ್ಲ.

ಸೂಚನೆಯ ಭಾಷೆಯನ್ನೂ ಬದಲಿಸಬೇಕಾಯಿತು. 'ಸರ್ವರಿಗೂ ಆದರದ ಸ್ವಾಗತ' ಎಂಬ ಸಾಲನ್ನು ಓದಿದ ಯಾರೂ ಅದು ತಮ್ಮನ್ನು ಕರೆಯುತ್ತಿದೆ ಎಂದುಕೊಳ್ಳುವುದಿಲ್ಲ ಎಂಬುದು ನನ್ನ ಅನುಭವ. ಊರಿನ ನಿವೃತ್ತ ಶಿಕ್ಷಕರೊಬ್ಬರು ನಮ್ಮ ಗೇಟಿನವರೆಗೂ ಬಂದು, ಒಳಗೆ ಬಿಡುತ್ತಾರೋ ಇಲ್ಲವೋ ಎಂಬ ಸಂಕೋಚದಿಂದ ಹಿಂದಿರುಗಿದ್ದರೆಂದು ತಿಂಗಳ ನಂತರ ಮೀನು ಮಾರುಕಟ್ಟೆಯಲ್ಲಿ ಸಿಕ್ಕಾಗ ಅವರೇ ಹೇಳಿದರು. ಈಗ ನಮ್ಮ ಪಟ್ಟಿಯ ಪ್ರತಿ ಕಾರ್ಯಕ್ರಮದ ಕೆಳಗೆ, ಎಲ್ಲಿ, ಎಷ್ಟರಿಂದ ಎಷ್ಟರವರೆಗೆ, ಹೊರಗಿನವರು ಬರಬಹುದೇ, ಹಣ ಕೊಡಬೇಕೇ, ಮಹಡಿ ಹತ್ತಬೇಕೇ, ಮುಗಿದ ಮೇಲೆ ಯಾವ ಯಾವ ಕಡೆಯ ಬಸ್ಸು ಸಿಗುತ್ತದೆ ಎಂಬಿಷ್ಟು ವಿವರಗಳಿರುತ್ತವೆ. ಮನೆಯಲ್ಲಿ ಕೊಂಕಣಿ ಮಾತನಾಡುವ ವಿದ್ಯಾರ್ಥಿಗಳು ನಮ್ಮಲ್ಲಿ ಬಹಳ. ಪಟ್ಟಿಯನ್ನು ಕನ್ನಡದಲ್ಲಿ ಫಲಕಕ್ಕೆ ಹಾಕುವುದರ ಜೊತೆಗೆ, ಪ್ರತಿ ತರಗತಿಯ ಪ್ರತಿನಿಧಿಯು ಸೋಮವಾರದ ಮೊದಲ ಅವಧಿಯಲ್ಲಿ ಅದನ್ನು ತನ್ನದೇ ಮಾತಿನಲ್ಲಿ ಹೇಳುವ ಪದ್ಧತಿಯನ್ನು ತಂದೆವು. ಫಲಕದ ಮುಂದೆ ನಿಂತು ಓದುವವರಿಗಿಂತ ಗೆಳತಿಯ ಬಾಯಲ್ಲಿ ಕೇಳಿ ಬರುವವರೇ ಹೆಚ್ಚು.

ದಿನಾಂಕದ ಆಯ್ಕೆಯಲ್ಲಿ ನಾನು ಎಡವಿದ್ದು ಒಂದೆರಡು ಸಲವಲ್ಲ. ಆಂತರಿಕ ಪರೀಕ್ಷೆಗಳನ್ನೂ ಸರಕಾರಿ ರಜೆಗಳನ್ನೂ ನೋಡಿಕೊಂಡು 2024ರ ಮಾರ್ಚ್ 20ರ ಆಸುಪಾಸಿನಲ್ಲಿ ಅಂತರಕಾಲೇಜು ಚರ್ಚಾಸ್ಪರ್ಧೆಯೊಂದನ್ನು ಇಟ್ಟುಕೊಂಡೆ. ಘಟ್ಟದ ಮೇಲಿನ ಕಾಲೇಜುಗಳಿಂದ ಒಂದು ತಂಡವೂ ಬರಲಿಲ್ಲ. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಯ ವಾರವದು. ಜಾತ್ರೆಯ ದಿನಗಳಲ್ಲಿ ಆ ಸೀಮೆಯ ಮನೆಗಳಲ್ಲಿ ನೆಂಟರು ತುಂಬಿರುವಾಗ, ಘಟ್ಟ ಇಳಿದು ನಮ್ಮ ಚರ್ಚಾಸ್ಪರ್ಧೆಗೆ ಬರುವ ಹುಡುಗರು ಯಾರಿರುತ್ತಾರೆ? ಶಿರಸಿಯ ಸಹೋದ್ಯೋಗಿಯೊಬ್ಬರಿಗೆ ಫೋನ್ ಮಾಡಿದಾಗ ಅವರು ಬೇಸರಿಸದೆ, ನೀವೇ ತಂಡ ಕಟ್ಟಿಕೊಂಡು ಇಲ್ಲಿಗೆ ಬನ್ನಿ ಎಂದು ಜಾತ್ರೆಗೆ ಕರೆದರು. ಅಂದಿನಿಂದ ಕಚೇರಿಯ ಕ್ಯಾಲೆಂಡರಿನ ಪಕ್ಕದಲ್ಲಿ ಒಂದು ಪಂಚಾಂಗವನ್ನೂ ತೂಗುಹಾಕಿದ್ದೇನೆ.

ಮಳೆಗಾಲದ ಪಾಠ ಇನ್ನೂ ಕಠಿಣವಾದದ್ದು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿದ್ದು ಜೀವಗಳು ಹೋದವು, ರಸ್ತೆ ಬಹುದಿನ ಮುಚ್ಚಿತು. ಮೂರು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ 7ರ ನಡುರಾತ್ರಿಯ ನಂತರ, ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಒಂದು ಕಡೆ ಅಂಕೋಲಾ, ಕುಮಟಾಗಳ ವಿದ್ಯಾರ್ಥಿಗಳು, ಇನ್ನೊಂದು ಕಡೆ ಸದಾಶಿವಗಡ, ಮಾಜಾಳಿಯವರು, ಕಾಲೇಜು ನಡುವೆ. ಆ ತಿಂಗಳು ನಮ್ಮ ಫಲಕದಲ್ಲಿದ್ದ ಮೂರು ಕಾರ್ಯಕ್ರಮಗಳ ಪಟ್ಟಿಯನ್ನು ನಾನೇ ಕಿತ್ತು ತೆಗೆದೆ. ಮುಂದೂಡಲಾಗಿದೆ ಎಂದು ಬರೆಯುವುದಕ್ಕೂ ಮನಸ್ಸಾಗಲಿಲ್ಲ. ಅಲ್ಲಿಂದ ಮುಂದೆ ಜೂನ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಹೊರಗಿನ ಅತಿಥಿಗಳನ್ನು ಕರೆಯುವುದನ್ನು ನಿಲ್ಲಿಸಿದ್ದೇನೆ. ಜಿಲ್ಲಾಧಿಕಾರಿಗಳ ರಜೆಯ ಆದೇಶ ಹಿಂದಿನ ರಾತ್ರಿ ಬಂದರೂ ಯಾರಿಗೂ ತೊಂದರೆಯಾಗದಂಥ, ನಮ್ಮವರೇ ನಮ್ಮವರಿಗಾಗಿ ಮಾಡುವ ಓದು, ಕವಿತಾವಾಚನ, ರಸಪ್ರಶ್ನೆಗಳಷ್ಟೇ ಆ ದಿನಗಳಿಗೆ.

ಆದರೆ ಮಳೆಗಾಲಕ್ಕೆ ಹೇಳಿ ಮಾಡಿಸಿದ ಕಲೆಯೊಂದು ಈ ಜಿಲ್ಲೆಯಲ್ಲಿದೆ, ಅದು ಯಕ್ಷಗಾನದ ಪ್ರಸಂಗವನ್ನು ಕುಳಿತೇ ಹಾಡು–ಮಾತುಗಳಲ್ಲಿ ನಡೆಸುವ ತಾಳಮದ್ದಲೆ. ಯಕ್ಷಗಾನ ಮೇಳಗಳ ತಿರುಗಾಟ ಮಳೆ ಹಿಡಿಯುವ ಹೊತ್ತಿಗೆ ಮುಗಿದಿರುತ್ತದೆ, ಕಲಾವಿದರು ಮನೆಯಲ್ಲಿರುತ್ತಾರೆ. ವೇಷವಿಲ್ಲ, ರಂಗಸ್ಥಳವಿಲ್ಲ, ಭಾಗವತರು, ಮದ್ದಲೆ, ಚಂಡೆ, ಪಾತ್ರಗಳ ಮಾತನ್ನು ಆಡುವ ನಾಲ್ಕೈದು ಮಂದಿ ಅರ್ಥಧಾರಿಗಳು ಮತ್ತು ಒಂದು ಜಮಖಾನೆ ಇದ್ದರೆ ಸಾಕು. ಆಗಸ್ಟ್ ಕೊನೆಯ ಒಂದು ಮಧ್ಯಾಹ್ನ ನಮ್ಮ ಸಭಾಂಗಣದಲ್ಲಿ ತಾಳಮದ್ದಲೆ ಇಟ್ಟಾಗ ಹೊರಗೆ ಮಳೆ ಹೊಯ್ಯುತ್ತಿತ್ತು, ಥಂಡಿಗೆ ಮದ್ದಲೆಯ ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತಿತ್ತು. ಮದ್ದಲೆಗಾರರು ಪದ್ಯದಿಂದ ಪದ್ಯಕ್ಕೆ ಅದನ್ನು ಬಿಗಿ ಮಾಡಿಕೊಳ್ಳುತ್ತಿದ್ದ ರೀತಿಯನ್ನು ಭೌತಶಾಸ್ತ್ರದ ಹುಡುಗನೊಬ್ಬ ಮುಂದಿನ ಸಾಲಿಗೆ ಬಂದು ಕುಳಿತು ನೋಡಿದ. ಮುಗಿದ ಮೇಲೆ ಅವನು ಕೇಳಿದ ಪ್ರಶ್ನೆಗಳು ಅರ್ಥಗಾರಿಕೆಯ ಕುರಿತಾಗಿರಲಿಲ್ಲ, ಚರ್ಮದ ಬಿಗಿತ ಮತ್ತು ನಾದದ ಕುರಿತಾಗಿದ್ದವು. ಮದ್ದಲೆಗಾರರು ಅರ್ಧ ಗಂಟೆ ಉತ್ತರಿಸಿದರು. ಆ ಅರ್ಧ ಗಂಟೆಯನ್ನು ನಾನು ಪಟ್ಟಿಯಲ್ಲಿ ಇಟ್ಟಿರಲಿಲ್ಲ. ಈಗ ಪ್ರತಿ ಕಲಾ ಕಾರ್ಯಕ್ರಮದ ನಂತರವೂ ಇಡುತ್ತೇನೆ.

ವೇಷ ಕಟ್ಟಿದ ಯಕ್ಷಗಾನದ ಆಟದ ಸಿದ್ಧತೆ ಬೇರೆಯೇ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳವನ್ನು ಕಟ್ಟಿದ, ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಕುಣಿದ ಜಿಲ್ಲೆಯಿದು. ಇಲ್ಲಿಯ ಪ್ರೇಕ್ಷಕರ ಎದುರು ಅರೆಬರೆ ಆಟ ನಡೆಯುವುದಿಲ್ಲ. ಮೊದಲ ಸಲ ನಾನು ವೇದಿಕೆ, ಧ್ವನಿವರ್ಧಕ, ಆಸನಗಳನ್ನೆಲ್ಲ ನೋಡಿಕೊಂಡು, ಕಲಾವಿದರು ಬಣ್ಣ ಹಚ್ಚಿ ವೇಷ ಕಟ್ಟುವ ಚೌಕಿಯನ್ನು ಮರೆತಿದ್ದೆ. ಕಲಾವಿದರು ಬಂದಿಳಿದಾಗ ತೋರಿಸಲು ಒಂದು ಕೋಣೆಯಿರಲಿಲ್ಲ. ಗಡಿಬಿಡಿಯಲ್ಲಿ ಪ್ರಾಣಿಶಾಸ್ತ್ರದ ಪ್ರಯೋಗಾಲಯವನ್ನು ತೆರೆಸಿದೆವು. ಗಾಜಿನ ಭರಣಿಗಳಲ್ಲಿದ್ದ ಏಡಿ, ನಕ್ಷತ್ರಮೀನುಗಳ ನಡುವೆ ಕನ್ನಡಿ ಇಟ್ಟುಕೊಂಡು ಅವರು ಮುಖಕ್ಕೆ ಬಣ್ಣ ಹಚ್ಚಿದರು. ಬಟ್ಟೆಯ ಅಟ್ಟೆಗಳನ್ನು ಸುತ್ತಿ ಸುತ್ತಿ ಕೇದಗೆ ಮುಂದಲೆಯೆಂಬ ತಲೆಯುಡುಗೆಯನ್ನು ಕಟ್ಟುವುದನ್ನು ಅಂದು ಬಾಗಿಲಲ್ಲಿ ನಿಂತು ನೋಡಿದ ನನಗೆ, ನಾವು ಮೂರು ಗಂಟೆಯ ಆಟ ಎಂದು ಬರೆಯುವುದು ಕಲಾವಿದರ ಪಾಲಿಗೆ ಏಳೆಂಟು ಗಂಟೆಯ ಕೆಲಸವೆಂಬುದು ತಿಳಿಯಿತು. ಈಗ ಚೌಕಿಗೆ ಫ್ಯಾನು, ಒಳ್ಳೆಯ ಬೆಳಕು, ನೀರು, ಬಣ್ಣ ತೆಗೆಯಲು ಕೊಬ್ಬರಿ ಎಣ್ಣೆ, ಹಳೆಯ ಬಟ್ಟೆ ಇವು ಮಧ್ಯಾಹ್ನಕ್ಕೆ ಮೊದಲೇ ಸಿದ್ಧವಿರುತ್ತವೆ. ಆಟವು ಸಂಜೆಯೇ ಆಗಬೇಕಾದ್ದರಿಂದ ವರ್ಷಕ್ಕೆ ಈ ಒಂದು ಕಾರ್ಯಕ್ರಮಕ್ಕೆ ಮಾತ್ರ ಬಸ್ಸಿನ ನಿಯಮವನ್ನು ಮುರಿದು, ಹೆಣ್ಣುಮಕ್ಕಳಿಗೆ ಹಾಸ್ಟೆಲಿನಲ್ಲಿ ಉಳಿಯುವ ವ್ಯವಸ್ಥೆ ಮಾಡಿ, ಪಾಲಕರಿಗೆ ನಾನೇ ಫೋನ್ ಮಾಡುತ್ತೇನೆ. ರಾತ್ರಿ ಹತ್ತರ ನಂತರ ಧ್ವನಿವರ್ಧಕ ಬಳಸುವಂತಿಲ್ಲವೆಂಬ ಕಾನೂನು ಇರುವುದರಿಂದ ಒಂಬತ್ತೂವರೆಗೆ ಮಂಗಳ ಹಾಡಲೇಬೇಕು; ಇದನ್ನು ಭಾಗವತರಿಗೆ ಮುಂಗಡ ಕೊಡುವಾಗಲೇ ಹೇಳಿಬಿಡುವುದು ಒಳ್ಳೆಯದು.

ಜೀವವಿಜ್ಞಾನ ವಿಭಾಗದವರು ನಡೆಸುವ ಕಡಲತೀರದ ಅಧ್ಯಯನ ನಡಿಗೆಗೆ ನನ್ನ ಬಸ್ಸಿನ ಲೆಕ್ಕವೂ ಸಾಲದು, ಪಂಚಾಂಗವೂ ಪೂರ್ತಿ ಸಾಲದು. ಬಂಡೆಗಳ ಮೇಲಿನ ಜೀವಿಗಳನ್ನು ನೋಡಬೇಕಾದರೆ ನೀರು ಚೆನ್ನಾಗಿ ಇಳಿದಿರಬೇಕು. ಹುಣ್ಣಿಮೆ, ಅಮಾವಾಸ್ಯೆಗಳ ಸುತ್ತಿನ ದಿನಗಳಲ್ಲಿ ಇಳಿತ ಹೆಚ್ಚು, ಅಷ್ಟಮಿಯ ಸುತ್ತಿನಲ್ಲಿ ಕಡಿಮೆ. ದಿನಕ್ಕೆ ಎರಡು ಸಲ ಬರುವ ಈ ಇಳಿತ ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಒಮ್ಮೆ ಶನಿವಾರದ ನಡಿಗೆಯನ್ನು ಅತಿಥಿಗಳ ಅನುಕೂಲಕ್ಕೆಂದು ಮುಂದಿನ ಶನಿವಾರಕ್ಕೆ ದೂಡಿ, ಅದೇ ಸಮಯವನ್ನು ಉಳಿಸಿಕೊಂಡೆವು. ಮೂವತ್ತು ವಿದ್ಯಾರ್ಥಿಗಳು ದಡದಲ್ಲಿ ನಿಂತು, ಬಂಡೆಗಳ ಮೇಲೆ ತುಂಬಿ ನಿಂತ ನೀರನ್ನು ನೋಡಿಕೊಂಡು ಬಂದೆವು. ಬಲೆ ಬಿಡಿಸುತ್ತ ಕುಳಿತಿದ್ದ ಹಿರಿಯರೊಬ್ಬರು, ನಮ್ಮನ್ನು ಕೇಳಿದ್ದರೆ ಹೇಳುತ್ತಿದ್ದೆವಲ್ಲ ಮಾಸ್ತರರೇ ಎಂದರು. ಈಗ ಆ ನಡಿಗೆಯ ದಿನವನ್ನು ವಿಭಾಗದವರು ಉಬ್ಬರವಿಳಿತದ ಕೋಷ್ಟಕ ನೋಡಿ ಬರೆದುಕೊಡುತ್ತಾರೆ, ನಾನು ಅದನ್ನು ಮುಟ್ಟುವುದಿಲ್ಲ.

ರವೀಂದ್ರನಾಥ ಟಾಗೋರರ ನೆನಪಿನ ಕಾರ್ಯಕ್ರಮಕ್ಕೆ ಬೇರೊಂದು ತೊಡಕು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ಇಪ್ಪತ್ತೆರಡರ ಹರೆಯದ ಟಾಗೋರರು ಕಾರವಾರಕ್ಕೆ ಬಂದು ತಂಗಿದ್ದರು, ಒಂದು ನಾಟಕವನ್ನೂ ಇಲ್ಲಿ ಬರೆದರು. ಅವರ ಜನ್ಮದಿನ ಮೇ 7. ಆಗ ಬೇಸಿಗೆಯ ರಜೆ, ಆವರಣದಲ್ಲಿ ನಾಯಿಗಳಷ್ಟೇ ಓಡಾಡುತ್ತಿರುತ್ತವೆ. ಎರಡು ವರ್ಷ ಮೇ ತಿಂಗಳಲ್ಲೇ ಹಟ ಹಿಡಿದು ಮಾಡಿ, ಕೊನೆಗೆ ಅದನ್ನು ಜನವರಿಯ ಒಂದು ಸಂಜೆಗೆ, ಅವರ ಹೆಸರಿನದೇ ಕಡಲತೀರಕ್ಕೆ ಸಾಗಿಸಿದೆ. ಅಲ್ಲಿಂದ ಬಸ್ ನಿಲ್ದಾಣಕ್ಕೆ ನಡೆದೇ ಹೋಗಬಹುದು.

ಈ ಬಾರಿಯ ಪಟ್ಟಿ ಬಹುತೇಕ ಸಿದ್ಧವಾಗಿದೆ. ಜನವರಿಯಲ್ಲಿ ಕಡಲತೀರದ ವಾಚನ, ಫೆಬ್ರವರಿ 21ರ ಮಾತೃಭಾಷಾ ದಿನಕ್ಕೆ ಕನ್ನಡ, ಕೊಂಕಣಿ, ಹವ್ಯಕ ಮತ್ತು ಹಾಲಕ್ಕಿಗಳ ಆಡುಮಾತಿನಲ್ಲಿ ಅಜ್ಜಿಕತೆಗಳನ್ನು ಹೇಳುವ ಮಧ್ಯಾಹ್ನ, ಫೆಬ್ರವರಿ 28ರ ವಿಜ್ಞಾನ ದಿನದಂದು ಶಾಲಾ ಮಕ್ಕಳಿಗಾಗಿ ಪ್ರದರ್ಶನ ಇವೆಲ್ಲಕ್ಕೂ ಆರಂಭ ಮತ್ತು ಮುಕ್ತಾಯದ ವೇಳೆ ನಿಗದಿಯಾಗಿದೆ. ಉಳಿದದ್ದು ಮಾರ್ಚ್ ತಿಂಗಳ ಒಂದು ಸಾಲು. ಅಂಕೋಲಾ ಸೀಮೆಯ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತವನ್ನು ಹಿಂದೊಮ್ಮೆ ನಾವು ವೇದಿಕೆಗೆ ಕರೆಸಿದ್ದೆವು. ಬಣ್ಣದ ತುರಾಯಿ ಕಟ್ಟಿ, ನವಿಲುಗರಿಯ ಕುಂಚ ಹಿಡಿದು ಮನೆಯಂಗಳದಲ್ಲಿ ಸುತ್ತುಗಟ್ಟಿ ಕುಣಿಯುವವರನ್ನು ಇಪ್ಪತ್ತು ಅಡಿಯ ವೇದಿಕೆಯ ಮೇಲೆ ಪ್ರೇಕ್ಷಕರಿಗೆ ಮುಖ ಮಾಡಿ ಸಾಲಾಗಿ ನಿಲ್ಲಿಸಿದ್ದು ನನ್ನ ತಪ್ಪು. ಹಾಲಕ್ಕಿ ಹಾಡುಗಾರ್ತಿ ಪದ್ಮಶ್ರೀ ಸುಕ್ರಿ ಬೊಮ್ಮಗೌಡರು 2025ರ ಫೆಬ್ರವರಿಯಲ್ಲಿ ತೀರಿಕೊಂಡ ಮೇಲೆ, ಆ ಜನರ ಹಾಡು–ಕುಣಿತಗಳನ್ನು ಅವರ ಅಂಗಳದಲ್ಲೇ ಹೋಗಿ ನೋಡಬೇಕೆಂಬ ಮಾತು ವಿದ್ಯಾರ್ಥಿಗಳಿಂದಲೇ ಬಂತು. ಆದ್ದರಿಂದ ಈ ಸಲ ನಾವೇ ಅಲ್ಲಿಗೆ ಹೋಗುವವರಿದ್ದೇವೆ. ಹೋಳಿ ಹುಣ್ಣಿಮೆಯ ಮೊದಲ ದಿನಗಳಲ್ಲಿ ತಂಡ ಯಾವ ದಿನ ಯಾವ ಕೇರಿಗೆ ಬರುತ್ತದೆಂದು ಕೇಳಲು ಊರಿನ ಗೌಡರ ಮನೆಗೆ ಹೋದಾಗ ಅವರು ಎಲೆ–ಅಡಿಕೆಯ ಕವಳ ಹಾಕುತ್ತ, "ಸುಗ್ಗಿ ಹೊರಟ ಮೇಲೆ ಹೇಳಿಕಳಿಸ್ತೇವ್ರಾ, ಆಗ ಬನ್ನಿ" ಎಂದರು. ಫಲಕಕ್ಕೆ ಹೋಗುವ ಪಟ್ಟಿಯಲ್ಲಿ ಆ ಸಾಲಿನ ದಿನಾಂಕ ಮತ್ತು ವೇಳೆಯ ಜಾಗವನ್ನು ಖಾಲಿ ಬಿಟ್ಟು, ಬಸ್ಸಿನ ವಿವರವನ್ನು ಮಾತ್ರ ಬರೆದಿದ್ದೇನೆ.