ಬ್ರಿಟನ್ನಿನಲ್ಲಿ ಮನೆ ಕೊಂಡ ಕೊಡಗಿನವರಿಗೆ: ಹಳೆಯ ಬಾಯ್ಲರ್ ರಿಪೇರಿ ಮಾಡಿಸುವುದೋ, ಬದಲಿಸುವುದೋ?

ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಗಳ ಕಡೆಯಿಂದ ಬ್ರಿಟನ್ನಿಗೆ ಹೋಗಿ, ಕೆಲವು ವರ್ಷ ಬಾಡಿಗೆ ಮನೆಯಲ್ಲಿದ್ದು, ಕೊನೆಗೆ ಸಾಲ ಮಾಡಿ ಹಳೆಯ ಮನೆಯೊಂದನ್ನು ಕೊಳ್ಳುವ ನಮ್ಮ ಹುಡುಗ ಹುಡುಗಿಯರಿಗೆ ಮೊದಲ ಚಳಿಗಾಲದಲ್ಲೇ ಎದುರಾಗುವ ಪ್ರಶ್ನೆ ಇದು. ಬಾಯ್ಲರ್ ಎಂದರೆ ನೀರು ಕಾಯಿಸಿ, ಕೋಣೆಗಳಲ್ಲಿ ಕೂರಿಸಿದ ರೇಡಿಯೇಟರ್ ಎಂಬ ಲೋಹದ ಫಲಕಗಳಿಗೆ ಹರಿಸಿ, ಮನೆಯನ್ನು ಬೆಚ್ಚಗಿಡುವ ಯಂತ್ರ. ಮಳೆಗಾಲದಲ್ಲಿ ನಾನು ಸುಂಟಿಕೊಪ್ಪದ ಮನೆಗೆ ಬಂದಾಗ ಅಕ್ಕಪಕ್ಕದ ತಂದೆತಾಯಂದಿರೂ ಇದನ್ನೇ ಕೇಳುತ್ತಾರೆ: "ಅಣ್ಣಾ, ಮಗನ ಮನೆಯ ಬಾಯ್ಲರ್ ಹಳೆಯದಂತೆ, ಹೊಸದಕ್ಕೆ ಮೂರು ಸಾವಿರ ಪೌಂಡ್ ಹೇಳ್ತಾರಂತೆ, ಅಷ್ಟು ಕೊಡಲೇಬೇಕಾ?" ಕೊಡಲೇಬೇಕೆಂದಿಲ್ಲ ಎಂಬುದೇ ಬಹಳ ಸಲ ಉತ್ತರ. ಆದರೆ ಆ ಉತ್ತರವನ್ನು ಬಾಯ್ಲರಿನ ವಯಸ್ಸು ಕೊಡುವುದಿಲ್ಲ. ಏನು ಕೆಟ್ಟಿತು, ಏಕೆ ಕೆಟ್ಟಿತು ಎಂಬ ಎರಡು ಪ್ರಶ್ನೆಗಳು ಕೊಡುತ್ತವೆ.

ನಮ್ಮ ಊರಿನ ಬಚ್ಚಲುಮನೆಯ ಹಂಡೆ ಮತ್ತು ಒಲೆಯಲ್ಲಿ ಕೆಡುವಂಥದ್ದು ಹೆಚ್ಚೇನೂ ಇಲ್ಲ. ತೋಟದ ಪಂಪ್‌ಸೆಟ್ಟನ್ನೂ ಕಾಫಿ ಪಲ್ಪರನ್ನೂ ನಾವು ಬೇರಿಂಗ್, ಬೆಲ್ಟ್, ವೈಂಡಿಂಗ್ ಎಂದು ಮತ್ತೆ ಮತ್ತೆ ರಿಪೇರಿ ಮಾಡಿಸಿಯೇ ಓಡಿಸುತ್ತೇವೆ. ಈ ಬುದ್ಧಿ ಅಲ್ಲಿಯೂ ಉಪಯೋಗಕ್ಕೆ ಬರುತ್ತದೆ, ಒಂದು ಮಿತಿಯೊಂದಿಗೆ. ಬಾಯ್ಲರ್ ಮನೆಯೊಳಗೆ ಗ್ಯಾಸ್ ಉರಿಸುವ ಯಂತ್ರವಾದ್ದರಿಂದ, ಗ್ಯಾಸಿಗೆ ಸಂಬಂಧಿಸಿದ ಕೆಲಸವನ್ನು ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ ಹೆಸರಿರುವ ಎಂಜಿನಿಯರ್ ಮಾತ್ರ ಮಾಡಬೇಕು. 2009ರ ಏಪ್ರಿಲ್‌ನಲ್ಲಿ ಕೋರ್ಗಿ ಎಂಬ ಹಳೆಯ ನೋಂದಣಿಯ ಬದಲಿಗೆ ಇದು ಬಂದಿತು. ಬಂದವರ ಗುರುತುಚೀಟಿಯನ್ನು ಕೇಳಿ ನೋಡಿರಿ. ಅವರು ಯಾವ ಯಾವ ಕೆಲಸಕ್ಕೆ ಅರ್ಹರು ಎಂಬುದು ಅದರ ಹಿಂಬದಿಯಲ್ಲಿರುತ್ತದೆ. ಕೇಳಿದರೆ ಅವರು ಬೇಸರಪಡುವುದಿಲ್ಲ, ನಮಗೆ ಮಾತ್ರ ಸಂಕೋಚ.

ಬಾಡಿಗೆ ಮನೆಯಲ್ಲಿರುವವರಿಗೆ ಈ ನಿರ್ಧಾರದ ಹೊರೆಯೇ ಇಲ್ಲ. ಮನೆಯನ್ನು ಬೆಚ್ಚಗಿಡುವ ಮತ್ತು ನೀರು ಕಾಯಿಸುವ ವ್ಯವಸ್ಥೆಯನ್ನು ಸುಸ್ಥಿತಿಯಲ್ಲಿಡುವುದೂ, ವರ್ಷಕ್ಕೊಮ್ಮೆ ಗ್ಯಾಸ್ ತಪಾಸಣೆ ಮಾಡಿಸಿ ಅದರ ಪ್ರತಿಯನ್ನು ನಿಮಗೆ ಕೊಡುವುದೂ ಮಾಲೀಕರ ಕರ್ತವ್ಯ. ತೊಂದರೆಯನ್ನು ಬರವಣಿಗೆಯಲ್ಲಿ ತಿಳಿಸಿ, ಪ್ರತಿಯನ್ನು ಇಟ್ಟುಕೊಳ್ಳಿರಿ.

ಸ್ವಂತ ಮನೆಯಾದರೆ, ಯಾರನ್ನಾದರೂ ಕರೆಸುವ ಮೊದಲು ನಿಮ್ಮ ಬಾಯ್ಲರ್ ಯಾವುದೆಂದು ತಿಳಿದುಕೊಳ್ಳಿರಿ. ಅನೇಕ ಬಾಯ್ಲರುಗಳ ಕೆಳಭಾಗದಲ್ಲಿ ಮಡಚಿ ತೆರೆಯುವ ಮುಚ್ಚಳವಿದ್ದು, ಅದರ ಒಳಗೋ ಅಡಿಯಲ್ಲೋ ಅಂಟಿಸಿರುವ ಪಟ್ಟಿಯಲ್ಲಿ ಮಾದರಿಯ ಹೆಸರು, ಸೀರಿಯಲ್ ನಂಬರ್ ಮತ್ತು ಆ ಮಾದರಿಯನ್ನು ಗುರುತಿಸುವ ಏಳು ಅಂಕಿಗಳ ಜಿ.ಸಿ. ನಂಬರ್ ಇರುತ್ತವೆ. ಆ ನಂಬರ್ ಹೇಳಿದರೆ ಬಿಡಿಭಾಗ ಇನ್ನೂ ಸಿಗುತ್ತದೆಯೇ ಎಂಬುದನ್ನು ಅಂಗಡಿಯವರು ಫೋನಿನಲ್ಲೇ ತಿಳಿಸುತ್ತಾರೆ. ಬಾಯ್ಲರಿನಿಂದ ಮೋರಿಗೆ ಹೋಗುವ ತೆಳುವಾದ ಪ್ಲಾಸ್ಟಿಕ್ ಕೊಳವೆ ಇದೆಯೇ ಎಂದೂ ನೋಡಿರಿ. ಇದ್ದರೆ ಅದು ಹೊಗೆಯ ಹಬೆಯನ್ನು ನೀರಾಗಿಸಿ ಅದರ ಶಾಖವನ್ನೂ ಬಳಸಿಕೊಳ್ಳುವ ಕಂಡೆನ್ಸಿಂಗ್ ಬಾಯ್ಲರ್. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2005ರ ಏಪ್ರಿಲ್‌ನಿಂದ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಹೊಸದಾಗಿ ಕೂರಿಸುವ ಗ್ಯಾಸ್ ಬಾಯ್ಲರ್ ಈ ಬಗೆಯದೇ ಆಗಿರಬೇಕು.

ಕೆಲವು ತೊಂದರೆಗಳು ನೋಡುವುದಕ್ಕೆ ಭಯಂಕರ, ವಾಸ್ತವದಲ್ಲಿ ಅಲ್ಪ. ಒತ್ತಡ ತೋರಿಸುವ ಮುಳ್ಳು 1 ಬಾರ್‌ಗಿಂತ ಕೆಳಗಿಳಿದರೆ ಬಾಯ್ಲರ್ ತಾನಾಗಿಯೇ ನಿಲ್ಲಬಹುದು. ಕೈಪಿಡಿಯಲ್ಲಿ ಹೇಳಿದಂತೆ, ನಲ್ಲಿಯ ನೀರನ್ನು ಒಳಗೆ ಬಿಡುವ ಫಿಲ್ಲಿಂಗ್ ಲೂಪ್ ಎಂಬ ಕೊಳವೆಯ ತಿರುಪನ್ನು ನಿಧಾನವಾಗಿ ತೆರೆದು, ಯಂತ್ರ ತಣ್ಣಗಿರುವಾಗ 1ರಿಂದ 1.5 ಬಾರ್‌ವರೆಗೆ ನೀರು ತುಂಬಿಸಿದರೆ ಸಾಕು. ವಾರವಾರವೂ ತುಂಬಿಸಬೇಕಾಗಿ ಬಂದರೆ ಮಾತ್ರ ಎಲ್ಲೋ ಸೋರುತ್ತಿದೆ, ಇಲ್ಲವೇ ಬಿಸಿಯಾದ ನೀರು ಹಿಗ್ಗುವುದಕ್ಕೆ ಜಾಗ ಕೊಡುವ ಎಕ್ಸ್‌ಪ್ಯಾನ್ಷನ್ ವೆಸೆಲಿನ ಗಾಳಿ ಹೋಗಿದೆ ಎಂದು ತಿಳಿಯಬೇಕು. ಹಿಮ ಬಿದ್ದ ಬೆಳಿಗ್ಗೆ ಬಾಯ್ಲರ್ ಗುಳುಗುಳು ಸದ್ದು ಮಾಡಿ ನಿಂತಿತೆಂದರೆ, ಮೇಲೆ ಹೇಳಿದ ಪ್ಲಾಸ್ಟಿಕ್ ಕೊಳವೆಯ ಹೊರಭಾಗ ಹೆಪ್ಪುಗಟ್ಟಿರುವ ಸಾಧ್ಯತೆಯೇ ಹೆಚ್ಚು. ಅದರ ಮೇಲೆ ಬೆಚ್ಚಗಿನ ನೀರು ಸುರಿದು, ಕುದಿಯುವ ನೀರನ್ನಲ್ಲ, ಬಾಯ್ಲರನ್ನು ರೀಸೆಟ್ ಮಾಡಿದರೆ ಸಾಮಾನ್ಯವಾಗಿ ಹೊತ್ತಿಕೊಳ್ಳುತ್ತದೆ. ಇಂಥ ಬೆಳಿಗ್ಗೆ ಗಾಬರಿಯಿಂದ ಹೊಸ ಬಾಯ್ಲರಿಗೆ ಮುಂಗಡ ಕೊಟ್ಟವರನ್ನು ನಾನು ಬಲ್ಲೆ.

ಇದಕ್ಕೆ ತದ್ವಿರುದ್ಧವಾಗಿ, ಯಾವ ಲೆಕ್ಕಾಚಾರಕ್ಕೂ ಕಾಯಬಾರದ ಲಕ್ಷಣಗಳೂ ಇವೆ. ನೀಲಿಯಾಗಿರಬೇಕಾದ ಜ್ವಾಲೆ ಹಳದಿಯಾಗಿರುವುದು, ಬಾಯ್ಲರಿನ ಸುತ್ತ ಮಸಿ ಕಟ್ಟುವುದು, ಮನೆಯಲ್ಲಿದ್ದಾಗ ಬರುವ ತಲೆನೋವು ಮತ್ತು ವಾಕರಿಕೆ ಹೊರಗೆ ಹೋದೊಡನೆ ಕಡಿಮೆಯಾಗುವುದು, ಇವೆಲ್ಲ ಕಾರ್ಬನ್ ಮಾನಾಕ್ಸೈಡಿನ ಸೂಚನೆಗಳು. ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿಸಿ ಜೀವ ಕಳೆದುಕೊಂಡವರ ಸುದ್ದಿಯನ್ನು ನಮ್ಮ ಪತ್ರಿಕೆಗಳಲ್ಲಿ ಓದಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ವಾಸನೆಯಿಲ್ಲದ ಆ ಅನಿಲವೇ ಇದು. ಬಾಯ್ಲರ್ ಆರಿಸಿ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು, ಗ್ಯಾಸ್ ತುರ್ತು ಸೇವೆಯ 0800 111 999ಕ್ಕೆ ಕರೆ ಮಾಡಿರಿ. ಈ ಅನಿಲವನ್ನು ಪತ್ತೆಹಚ್ಚುವುದಕ್ಕೆಂದೇ ಇರುವ ಅಲಾರಂ ಪ್ರತಿ ಮನೆಯಲ್ಲೂ ಇರಲಿ.

ಈಗ ನಿಜವಾದ ನಿರ್ಧಾರಕ್ಕೆ ಬರೋಣ. ಫ್ಯಾನ್, ಪಂಪ್, ಬಿಸಿಯನ್ನು ರೇಡಿಯೇಟರಿಗೋ ನಲ್ಲಿಯ ನೀರಿಗೋ ತಿರುಗಿಸುವ ಡೈವರ್ಟರ್ ವಾಲ್ವ್, ಸರ್ಕ್ಯೂಟ್ ಬೋರ್ಡ್, ಇವು ಬದಲಿಸಬಲ್ಲ ಭಾಗಗಳು. ಎಂಟು ಒಂಬತ್ತು ವರ್ಷದ ಬಾಯ್ಲರಿನಲ್ಲಿ ಇವುಗಳಲ್ಲೊಂದು ಮೊದಲ ಸಲ ಕೆಟ್ಟರೆ ನಾನು ಎರಡನೆಯ ಯೋಚನೆಯಿಲ್ಲದೆ ರಿಪೇರಿ ಮಾಡಿಸುತ್ತೇನೆ. ಬಾಯ್ಲರಿನ ಸಾಮಾನ್ಯ ಆಯುಷ್ಯ 10ರಿಂದ 15 ವರ್ಷ ಎನ್ನುತ್ತಾರೆ. ಹದಿನಾಲ್ಕು ವರ್ಷದ್ದರಲ್ಲಿ ಶಾಖವನ್ನು ನೀರಿಗೆ ದಾಟಿಸುವ ಮುಖ್ಯ ಹೀಟ್ ಎಕ್ಸ್‌ಚೇಂಜರೇ ಬಿರುಕು ಬಿಟ್ಟರೆ, ಅಥವಾ ಒಂದೇ ಚಳಿಗಾಲದಲ್ಲಿ ಎರಡು ಬೇರೆ ಬೇರೆ ಭಾಗಗಳು ಕೈಕೊಟ್ಟರೆ, ಬದಲಿಸುವುದೇ ಸರಿ. ಭಾಗವೇ ಸಿಗದಿದ್ದರೆ ಚರ್ಚೆಗೆ ಆಸ್ಪದವಿಲ್ಲ.

ಆದರೆ ಈ ಎಲ್ಲ ಸಂದರ್ಭಗಳಲ್ಲೂ ಎಂಜಿನಿಯರನ್ನು ಕೇಳಲೇಬೇಕಾದದ್ದು, ಈ ಭಾಗ ಏಕೆ ಕೆಟ್ಟಿತು ಎಂಬುದು. ಹಳೆಯ ಮನೆಗಳ ಉಕ್ಕಿನ ರೇಡಿಯೇಟರುಗಳು ಒಳಗಿನಿಂದ ತುಕ್ಕು ಹಿಡಿದು, ಆ ತುಕ್ಕು ನೀರಿನಲ್ಲಿ ಬೆರೆತು ಕೆಸರಾಗಿ ಪಂಪನ್ನೂ ಹೀಟ್ ಎಕ್ಸ್‌ಚೇಂಜರನ್ನೂ ಕಟ್ಟಿಹಾಕುತ್ತದೆ. ಪರೀಕ್ಷೆ ಸುಲಭ. ತಣ್ಣಗಿರುವ ರೇಡಿಯೇಟರಿನ ಮೇಲ್ಮೂಲೆಯ ತಿರುಪನ್ನು ಅದರ ಕೀಲಿಯಿಂದ ತುಸು ಸಡಿಲಿಸಿ, ಒಂದು ಬಿಳಿ ಲೋಟಕ್ಕೆ ಸ್ವಲ್ಪ ನೀರು ಹಿಡಿಯಿರಿ. ತಿಳಿಯಾಗಿದ್ದರೆ ಒಳ್ಳೆಯದು, ನಮ್ಮ ಮನೆಯ ಡಿಕಾಕ್ಷನ್ನಿನಂತೆ ಕಪ್ಪಾಗಿದ್ದು ತಳದಲ್ಲಿ ಗಸಿ ನಿಂತರೆ, ಕಾಯಿಲೆಯಿರುವುದು ಬಾಯ್ಲರಿಗಿಂತ ಹೆಚ್ಚಾಗಿ ಆ ನೀರಿಗೆ. ರೇಡಿಯೇಟರಿನ ಮೇಲ್ಭಾಗ ಬಿಸಿಯಾಗಿ ಕೆಳಭಾಗದ ನಡುವೆ ತಣ್ಣಗಿರುವುದೂ ಕೆಸರಿನದೇ ಗುರುತು. ಲಂಡನ್ ಮತ್ತು ಆಗ್ನೇಯ ಇಂಗ್ಲೆಂಡಿನ ಗಡಸು ನೀರಿರುವಲ್ಲಿ ಸುಣ್ಣದ ಪದರವೂ ಸೇರಿಕೊಂಡು, ಬಾಯ್ಲರ್ ಕೆಟಲಿನ ಹಾಗೆ ಸದ್ದು ಮಾಡತೊಡಗುತ್ತದೆ. ಹೀಗಿರುವಾಗ ಒಳಗಿನ ವ್ಯವಸ್ಥೆಯನ್ನು ತೊಳೆಸದೆ, ತುಕ್ಕಿನ ಕಣಗಳನ್ನು ಹಿಡಿದಿಡುವ ಮ್ಯಾಗ್ನೆಟಿಕ್ ಫಿಲ್ಟರ್ ಹಾಕಿಸದೆ, ತುಕ್ಕು ತಡೆಯುವ ಇನ್‌ಹಿಬಿಟರ್ ಸೇರಿಸದೆ ಹೊಸ ಬಾಯ್ಲರನ್ನು ಕೂರಿಸಿದರೆ ಅದೇ ಕೆಸರು ಅದನ್ನೂ ತಿನ್ನುತ್ತದೆ. ಕೆಸರಿನಿಂದ ಆದ ಹಾನಿಗೆ ವಾರಂಟಿಯೂ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ.

ಹೊಸದರಿಂದ ಗ್ಯಾಸ್ ಬಿಲ್ ಉಳಿಯುತ್ತದೆ ಎಂಬ ಮಾತನ್ನು ತೂಗಿ ನೋಡಬೇಕು. ಶೇಕಡಾ 70ರಷ್ಟು ದಕ್ಷತೆಯ ಹಳೆಯ ಬಾಯ್ಲರಿನಲ್ಲಿ ವರ್ಷಕ್ಕೆ 12,000 ಯೂನಿಟ್ (ಕಿಲೋವ್ಯಾಟ್ ಅವರ್) ಗ್ಯಾಸ್ ಉರಿಸುವ ಮನೆಗೆ, ಶೇಕಡಾ 90ರ ಬಾಯ್ಲರ್ ಬಂದರೆ ಸುಮಾರು 9,300 ಯೂನಿಟ್ ಸಾಕು. ಯೂನಿಟ್ಟಿಗೆ 6 ಪೆನ್ಸ್ ಎಂದಿಟ್ಟುಕೊಂಡರೆ ವರ್ಷದ ಉಳಿತಾಯ 160 ಪೌಂಡಿನ ಆಸುಪಾಸು. ಎರಡೂವರೆ ಸಾವಿರ ಪೌಂಡಿನ ಖರ್ಚು ಅದರಿಂದಲೇ ತೀರಬೇಕಾದರೆ ಹದಿನೈದು ವರ್ಷಕ್ಕೂ ಹೆಚ್ಚು ಬೇಕು. 2010ರ ಕಂಡೆನ್ಸಿಂಗ್ ಬಾಯ್ಲರನ್ನು ತೆಗೆದು ಹೊಸದನ್ನು ಹಾಕಿದರೆ ಉಳಿತಾಯ ಇದಕ್ಕಿಂತ ಬಹಳ ಕಡಿಮೆ. ಆದ್ದರಿಂದ ಸುರಕ್ಷತೆಗಾಗಿ, ಚಳಿಗಾಲದ ನೆಮ್ಮದಿಗಾಗಿ ಬದಲಿಸಿರಿ, ಬಿಲ್ಲಿಗಾಗಿ ಮಾತ್ರವೇ ಬೇಡ. ರೇಡಿಯೇಟರಿಗೆ ಹೋಗುವ ನೀರಿನ ತಾಪವನ್ನು 75ರಿಂದ 60 ಡಿಗ್ರಿಗೆ ಇಳಿಸಿದರೆ ಈಗಿರುವ ಕಂಡೆನ್ಸಿಂಗ್ ಬಾಯ್ಲರೇ ಕಡಿಮೆ ಗ್ಯಾಸ್ ಉರಿಸುತ್ತದೆ, ಅದಕ್ಕೆ ಖರ್ಚಿಲ್ಲ. ಬಿಸಿನೀರಿನ ಟ್ಯಾಂಕ್ ಇಲ್ಲದ ಕಾಂಬಿ ಬಾಯ್ಲರುಗಳಿಗೆ ಮಾತ್ರ ಈ ಮಾತು. ಟ್ಯಾಂಕ್ ಇರುವ ಮನೆಗಳಲ್ಲಿ, ಸಾಕಷ್ಟು ಬಿಸಿಯಿಲ್ಲದ ನೀರಿನಲ್ಲಿ ಬೆಳೆಯುವ ಲೀಜಿಯೊನೆಲ್ಲಾ ರೋಗಾಣುವಿನ ಭಯವಿರುವುದರಿಂದ ಎಂಜಿನಿಯರನ್ನು ಕೇಳಿಯೇ ಇಳಿಸಬೇಕು.

ಗ್ಯಾಸನ್ನೇ ಬಿಟ್ಟು, ಹೊರಗಿನ ಗಾಳಿಯ ಅಥವಾ ನೆಲದ ಶಾಖವನ್ನು ವಿದ್ಯುತ್ತಿನ ಸಹಾಯದಿಂದ ಒಳಗೆ ತರುವ ಹೀಟ್ ಪಂಪಿಗೆ ಹೋಗುವ ಯೋಚನೆಯಿದ್ದರೆ, ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2023ರ ಅಕ್ಟೋಬರ್‌ನಲ್ಲಿ ಸರ್ಕಾರ ಸಹಾಯಧನವನ್ನು 7,500 ಪೌಂಡಿಗೆ ಏರಿಸಿತು. ಹೀಟ್ ಪಂಪ್ ಕೂರಿಸುವವರೇ ಅರ್ಜಿ ಹಾಕಿ ಆ ಮೊತ್ತವನ್ನು ಬಿಲ್ಲಿನಲ್ಲಿ ಕಳೆಯುತ್ತಾರೆ. ಆದರೆ ಅದಕ್ಕೆ ಮನೆಯ ಅಳತೆ, ರೇಡಿಯೇಟರುಗಳ ಪರಿಶೀಲನೆ, ಟ್ಯಾಂಕಿಗೆ ಜಾಗ ಎಲ್ಲ ಬೇಕು. ಜನವರಿಯಲ್ಲಿ ಬಾಯ್ಲರ್ ಸತ್ತ ಮೇಲೆ ಅಷ್ಟು ವ್ಯವಧಾನ ಯಾರಿಗೂ ಇರುವುದಿಲ್ಲ. ಆಗ ಮುನ್ನೂರು ಪೌಂಡಿನ ರಿಪೇರಿ ಒಂದು ಚಳಿಗಾಲವನ್ನು ದಾಟಿಸಿದರೂ ಸಾರ್ಥಕವೇ.

ಈ ಕಾರಣಕ್ಕಾಗಿಯೇ, ಊರಿನಲ್ಲಿ ಕಕ್ಕಡದ (ಜುಲೈ, ಆಗಸ್ಟ್) ಮಳೆ ಸುರಿಯುವ ಹೊತ್ತಿಗೆ ಅಲ್ಲಿ ಬಾಯ್ಲರ್ ಸರ್ವಿಸ್ ಮಾಡಿಸಿ, ಬದಲಿಸುವುದಾದರೆ ಆಗಲೇ ಮೂವರಿಂದ ಬರವಣಿಗೆಯಲ್ಲಿ ದರ ತರಿಸಿರಿ. ತೊಳೆಯುವುದು, ಫಿಲ್ಟರ್, ಗ್ಯಾಸ್ ಕೊಳವೆಯ ಬದಲಾವಣೆ, ಹಳೆಯದನ್ನು ಸಾಗಿಸುವುದು ಸೇರಿದೆಯೇ ಎಂದು ನೋಡಿರಿ. ರೇಡಿಯೇಟರುಗಳನ್ನು ಎಣಿಸದೆ, ಸ್ನಾನದ ಕೋಣೆಗಳೆಷ್ಟು ಎಂದು ಕೇಳದೆ ಫೋನಿನಲ್ಲೇ ದೊಡ್ಡ ಬಾಯ್ಲರ್ ಹೇಳುವವರನ್ನು ಬಿಟ್ಟುಬಿಡಿರಿ. ಮನೆಗೆ ಬಂದು ಸಹಿ ಹಾಕಿಸಿಕೊಂಡ ಒಪ್ಪಂದವನ್ನು ಸಾಮಾನ್ಯವಾಗಿ 14 ದಿನಗಳೊಳಗೆ ರದ್ದುಗೊಳಿಸಬಹುದು. ಕೆಲಸ ಮುಗಿದ ಮೇಲೆ ತುಂಬಿ ಸಹಿ ಮಾಡಿದ ಬೆಂಚ್‌ಮಾರ್ಕ್ ಪುಸ್ತಿಕೆ (ಬಾಯ್ಲರನ್ನು ಸರಿಯಾಗಿ ಕೂರಿಸಿದ್ದರ ದಾಖಲೆ), ವಾರಂಟಿಯ ನೋಂದಣಿ ಮತ್ತು ಕಟ್ಟಡ ನಿಯಮಗಳ ಪ್ರಮಾಣಪತ್ರ ಕೈಗೆ ಬಂದಿವೆಯೇ ಎಂದು ಖಚಿತಪಡಿಸಿಕೊಳ್ಳಿರಿ. ವರ್ಷವರ್ಷದ ಸರ್ವಿಸ್ ತಪ್ಪಿದರೆ ವಾರಂಟಿ ಹೋಗುತ್ತದೆ, ಪ್ರಮಾಣಪತ್ರವನ್ನು ಮನೆ ಮಾರುವಾಗ ಕೊಳ್ಳುವವರ ವಕೀಲರು ಕೇಳುತ್ತಾರೆ.