ಡ್ರಾಫ್ಟ್ ಟ್ಯೂಬಿನ ಸುಳಿ ಕೊನೆಗೂ ಕಣ್ಣಿಗೆ ಬಿತ್ತು

ಜಲವಿದ್ಯುತ್ತಿನ ಫ್ರಾನ್ಸಿಸ್ ಟರ್ಬೈನನ್ನು ಅರ್ಧ ಲೋಡಿನಲ್ಲಿ ಓಡಿಸಿದರೆ, ನೀರು ಹೊರಹೋಗುವ ಕೆಳಗಿನ ಕೊಳವೆ, ಅಂದರೆ ಡ್ರಾಫ್ಟ್ ಟ್ಯೂಬು, ಗುಡುಗುಡು ಅನ್ನುತ್ತದೆ. ಟರ್ಬೈನಿನ ಚಕ್ರ, ಅಂದರೆ ರನ್ನರ್, ದಾಟಿದ ಮೇಲೂ ನೀರು ತಿರುಗುತ್ತಲೇ ಇಳಿಯುತ್ತದೆ. ನಟ್ಟನಡುವೆ ಮಾತ್ರ ಹೆಚ್ಚುಕಮ್ಮಿ ನಿಂತುಬಿಡುತ್ತದೆ. ಆ ನಿಂತ ನೀರನ್ನು ಸುಳಿಯೊಂದು ಹಗ್ಗದ ಹಾಗೆ ಸುತ್ತಿಕೊಳ್ಳುತ್ತದೆ. ಅದನ್ನು ಚಿತ್ರದಲ್ಲಿ ತೋರಿಸುವುದು ನನ್ನ ಪಾಲಿಗೆ ಬಂತು. ಓಪನ್‌ಫೋಮ್ ಅನ್ನೋ ಸಾಫ್ಟ್‌ವೇರಿನಲ್ಲಿ ಹರಿವಿನ ಲೆಕ್ಕ, ಪ್ಯಾರಾವ್ಯೂ ಅನ್ನೋದರಲ್ಲಿ ಚಿತ್ರ. ಒಂದು ವಾರ ಸಾಕು ಅಂದುಕೊಂಡಿದ್ದೆ!

ಮೊದಲು ಸ್ಟ್ರೀಮ್‌ಲೈನ್, ಅಂದರೆ ನೀರು ಹರಿಯುವ ದಿಕ್ಕಿನ ಗೆರೆಗಳನ್ನು, ಎಳೆದೆ. ಶಾವಿಗೆ ಒರಳಿನಿಂದ ಇಳಿದ ಹಾಗೆ ಚೆನ್ನಾಗಿಯೇ ಕಂಡಿತು. ಆದರೆ ಸುಳಿ ಎಲ್ಲಿ ಅಂದರೆ ಬೆರಳಿಟ್ಟು ತೋರಿಸೋಕಾಗಲಿಲ್ಲ. ನೀರಿನ ಕಣ ಎಷ್ಟು ತಿರುಗುತ್ತದೆ ಅನ್ನೋ ಅಳತೆ, ವೋರ್ಟಿಸಿಟಿ, ಹಾಕಿದೆ, ಗೋಡೆಯೆಲ್ಲ ಕೆಂಪು. ಗೋಡೆಗೆ ಅಂಟಿದ ನೀರು ನಿಂತಿರುತ್ತದೆ, ಅದರ ಪಕ್ಕದ್ದು ಓಡುತ್ತಿರುತ್ತದೆ. ಅಲ್ಲಿ ಸುಳಿ ಇಲ್ಲದಿದ್ದರೂ ವೋರ್ಟಿಸಿಟಿ ಜಾಸ್ತಿಯೇ. ಇದು ಓದುವಾಗಲೇ ಗೊತ್ತಿದ್ದ ವಿಷಯ, ಆದರೂ ಎರಡು ದಿನ ಹೋಯಿತು.

ಆಮೇಲೆ ಸುಳಿ ಗುರುತಿಸುವ ಇನ್ನೊಂದು ಅಳತೆ, ಕ್ಯೂ ಕ್ರೈಟೀರಿಯನ್‌ಗೆ ಬಂದೆ. ಹಂಟ್, ರೇ, ಮೊಯಿನ್ 1988ರಲ್ಲಿ ಕೊಟ್ಟದ್ದು. ನೀರು ತಿರುಗುವುದು ಎಳೆದಾಡುವುದಕ್ಕಿಂತ ಎಲ್ಲಿ ಜಾಸ್ತಿಯೋ ಅಲ್ಲಿ ಮಾತ್ರ ಕ್ಯೂ ಧನಾತ್ಮಕ. ಪ್ಯಾರಾವ್ಯೂನ ಗ್ರೇಡಿಯೆಂಟ್ ಫಿಲ್ಟರಿನಲ್ಲಿ ಒಂದು ಟಿಕ್, ಮೇಲೆ ಒಂದು ಕಾಂಟೂರ್ (ಕ್ಯೂ ಬೆಲೆ ಒಂದೇ ಇರುವ ಮೇಲ್ಮೈ), ಅಷ್ಟೇ. ತಲೆನೋವು ಕಾಂಟೂರಿನ ಬೆಲೆಯದ್ದು. ಕಡಿಮೆ ಇಟ್ಟರೆ ಟ್ಯೂಬು ತುಂಬ ಚೂರುಪಾರು, ಜಾಸ್ತಿ ಇಟ್ಟರೆ ರನ್ನರ್ ಕೆಳಗೊಂದು ಮೋಟು. ಬೇಕಾದ ಚಿತ್ರ ಬರುವ ತನಕ ಬೆಲೆ ತಿರುಗಿಸುತ್ತಾ ಕೂರುವುದು ನಮ್ಮನ್ನು ನಾವೇ ಮೋಸ ಮಾಡಿಕೊಂಡ ಹಾಗೆ, ಅಲ್ವಾ? ಅದಕ್ಕೆ ಕಡಿಮೆ ಒತ್ತಡದ ಮೇಲ್ಮೈಯನ್ನೂ ಅದೇ ಚಿತ್ರದಲ್ಲಿ ಹಾಕಿದೆ. ಸುಳಿಯ ನಡುವೆ ಒತ್ತಡ ಕುಸಿದಿರುತ್ತದೆ. ಲ್ಯಾಬಿನ ಅಕ್ರಿಲಿಕ್ ಟ್ಯೂಬಿನಲ್ಲಿ ಈ ಹಗ್ಗ ಬರಿಗಣ್ಣಿಗೆ ಕಾಣುವುದೂ ಅಲ್ಲಿ ಹುಟ್ಟುವ ಆವಿಯಿಂದಲೇ. ಎರಡೂ ಒಂದರ ಮೇಲೊಂದು ಕೂತವು.

ಆದರೆ ಕಂಡದ್ದು ಹಗ್ಗವಲ್ಲ, ನೆಟ್ಟಗೆ ನಿಂತ ಬಾಳೆದಿಂಡು! ಸ್ಟೆಡಿ ಲೆಕ್ಕದ ಫಲ. ಕಾಲದ ಜೊತೆ ಬದಲಾಗುವ ಲೆಕ್ಕಕ್ಕೆ ಹೋದೆ, ನೀರಿನ ಕಲಕಾಟ ಲೆಕ್ಕ ಹಾಕುವ ಮಾದರಿಗಳಲ್ಲಿ ಕೆ-ಎಪ್ಸಿಲಾನ್ ಬಿಟ್ಟು ಎಸ್‌ಎಸ್‌ಟಿ ಹಿಡಿದೆ. ರನ್ನರ್ ಒಂದಷ್ಟು ಸುತ್ತು ಹಾಕಿದ ಮೇಲೆ ದಿಂಡು ಬಾಗಿ, ತಿರುಚಿಕೊಂಡು ಹಗ್ಗವಾಯಿತು.

ಅನಿಮೇಶನ್ ಮಾತ್ರ ಕಪ್ಪೆ ಕುಪ್ಪಳಿಸಿದ ಹಾಗೆ. ರನ್ನರಿನ ಒಂದು ಸುತ್ತಿಗೆ ಒಂದೇ ಫೈಲ್ ಉಳಿಸಿದ್ದೆ. ಈ ಹಗ್ಗ ಸುತ್ತುವ ವೇಗ ಸಾಮಾನ್ಯವಾಗಿ ರನ್ನರಿನ 0.2ರಿಂದ 0.4 ಪಟ್ಟು. ನನ್ನದು 0.3. ಅಂದರೆ ಒಂದು ಫ್ರೇಮಿನಿಂದ ಇನ್ನೊಂದಕ್ಕೆ 108 ಡಿಗ್ರಿ ಜಿಗಿತ. ರನ್ನರಿನ ಪ್ರತಿ 20 ಡಿಗ್ರಿಗೆ ಉಳಿಸಿದಾಗ ಜಿಗಿತ 6 ಡಿಗ್ರಿಗೆ ಇಳಿಯಿತು. ಡಿಸ್ಕ್ ತುಂಬದಿರಲೆಂದು ಇಡೀ ಟ್ಯೂಬಿನ ಲೆಕ್ಕ ಬಿಟ್ಟು ಹಗ್ಗದ ಮೇಲ್ಮೈಯನ್ನಷ್ಟೇ ಬರೆಸಿದೆ.

ವಿಡಿಯೋವನ್ನು ಪವರ್‌ಹೌಸಿನ ಹಿರಿಯ ಆಪರೇಟರ್ ಒಬ್ಬರಿಗೆ ತೋರಿಸಿದೆ. ಚೆನ್ನಾಗಿ ಕಾಣಲಿ ಅಂತ ನಿಧಾನ ಮಾಡಿದ್ದೆ. "ಇಷ್ಟು ನಿಧಾನ ಇಲ್ಲ ಸಾರ್, ಹೀಗೆ," ಅಂತ ಪೆನ್ನಿನಿಂದ ಮೇಜು ಕುಟ್ಟಿದರು. ಗಡಿಯಾರ ನೋಡಿದೆ. ಎರಡು ಸೆಕೆಂಡಿಗೆ ಮೂರು ಏಟು. ರನ್ನರ್ ನಿಮಿಷಕ್ಕೆ 300 ಸುತ್ತು, ಸೆಕೆಂಡಿಗೆ 5. ಅದರ 0.3 ಪಟ್ಟು, ಒಂದೂವರೆ.